ಮುದ್ರೆಯನ್ನು ನೋಡಿ ಕೊಂಡ ಒಂದು ವರ್ಷ: ನ್ಯಾಯಯುತ ವ್ಯಾಪಾರದ ಗುರುತುಗಳ ವಿಮರ್ಶೆ

ಒಂದು ವರ್ಷದ ಕಾಲ ನಾನು ಕಾಫಿ, ಚಾಕೊಲೇಟ್, ಹತ್ತಿಯ ಬಟ್ಟೆ, ಒಂದು ರತ್ನಗಂಬಳಿ ಮತ್ತು ಒಂದು ಮೊಬೈಲ್ ಫೋನ್ ಕೊಳ್ಳುವಾಗ ಬಣ್ಣ, ರುಚಿ, ಬೆಲೆಗಳನ್ನು ನೋಡುವ ಮೊದಲು, ಬೆಳೆದವರಿಗೂ ದುಡಿದವರಿಗೂ ನ್ಯಾಯ ಸಿಕ್ಕಿದೆಯೆಂದು ಹೇಳುವ ಹೊದಿಕೆಯ ಮೇಲಿನ ಮುದ್ರೆಯನ್ನು ನೋಡಿದೆ. ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ಆ ಮುದ್ರೆಗಳನ್ನು. ಮುದ್ರೆಯೂ ಒಂದು ಸೇವೆಯೇ. ಅದನ್ನು ಪಡೆಯಲು ಉತ್ಪಾದಕರ ಸಂಘಗಳು ಶುಲ್ಕ ಕಟ್ಟುತ್ತವೆ, ಅದನ್ನು ಬಳಸಲು ಕಂಪನಿಗಳು ಪರವಾನಗಿಯ ಹಣ ಕೊಡುತ್ತವೆ, ಕೊನೆಗೆ ಕೊಳ್ಳುವವರು ಸ್ವಲ್ಪ ಹೆಚ್ಚು ತೆರುತ್ತಾರೆ. ಹೀಗಿರುವಾಗ ಮುದ್ರೆ ಕೊಟ್ಟ ಮಾತಿನಂತೆ ನಡೆಯುತ್ತಿದೆಯೇ ಎಂದು ಕೇಳುವ ಹಕ್ಕು ಕೊಳ್ಳುವವರಿಗಿದೆ. ವರ್ಷವಿಡೀ ನಾನು ಕೇಳಿಕೊಂಡ ಪ್ರಶ್ನೆ ಒಂದೇ: ಈ ವಸ್ತುವಿನ ಹಿಂದೆ ಯಾರೂ ಜೀತದಲ್ಲಿ ದುಡಿದಿಲ್ಲ ಎಂದು ಈ ಗುರುತು ನನಗೆ ಎಷ್ಟರ ಮಟ್ಟಿಗೆ ಹೇಳಬಲ್ಲದು?

ಈ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು ಜೀತವೆಂದರೆ ಏನೆಂದು ಸ್ಪಷ್ಟಪಡಿಸಿಕೊಳ್ಳಬೇಕು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1930ರ ಒಡಂಬಡಿಕೆಯ ಪ್ರಕಾರ, ದಂಡನೆಯ ಭಯವೊಡ್ಡಿ ಒಬ್ಬರಿಂದ ಮಾಡಿಸಿಕೊಳ್ಳುವ, ಅವರು ಸ್ವಇಚ್ಛೆಯಿಂದ ಒಪ್ಪಿಕೊಳ್ಳದ ಕೆಲಸವೇ ಬಲವಂತದ ದುಡಿಮೆ. ಕೂಲಿ ಕಡಿಮೆ ಎಂಬ ಒಂದೇ ಕಾರಣಕ್ಕೆ ಕೆಲಸ ಜೀತವಾಗುವುದಿಲ್ಲ. ಬಿಟ್ಟು ಹೋಗಲಾಗದ ಸ್ಥಿತಿ ಅದನ್ನು ಜೀತವನ್ನಾಗಿಸುತ್ತದೆ. ಇದನ್ನು ಗುರುತಿಸಲು ಅದೇ ಸಂಘಟನೆ 11 ಸೂಚಕಗಳನ್ನು ಕೊಟ್ಟಿದೆ. ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳುವುದು, ಕೂಲಿ ತಡೆಹಿಡಿಯುವುದು, ಓಡಾಟಕ್ಕೆ ಅಡ್ಡಿಮಾಡುವುದು, ಸಾಲದಲ್ಲಿ ಸಿಕ್ಕಿಸುವುದು, ವಂಚನೆಯಿಂದ ಕೆಲಸಕ್ಕೆ ಕರೆತರುವುದು ಅವುಗಳಲ್ಲಿ ಕೆಲವು. 2021ರ ಪರಿಸ್ಥಿತಿಯನ್ನು ಆಧರಿಸಿ ಮರುವರ್ಷ ಪ್ರಕಟವಾದ ಜಾಗತಿಕ ಅಂದಾಜಿನ ಪ್ರಕಾರ 2 ಕೋಟಿ 76 ಲಕ್ಷ ಜನ ಬಲವಂತದ ದುಡಿಮೆಯಲ್ಲಿದ್ದರು. ಲೈಂಗಿಕ ಶೋಷಣೆಯನ್ನು ಹೊರತುಪಡಿಸಿ ಖಾಸಗಿ ವಲಯದ ಕೆಲಸಗಳಲ್ಲಿ ಸಿಕ್ಕಿಬಿದ್ದವರೇ 1 ಕೋಟಿ 73 ಲಕ್ಷ. ಹೊಲ, ಕಾರ್ಖಾನೆ, ಗಣಿ, ಮೀನುಗಾರಿಕೆಯ ಹಡಗುಗಳಲ್ಲಿ ದುಡಿಯುವ ಇವರು ಮುಟ್ಟಿದ ವಸ್ತು ನಮ್ಮ ಮನೆಗೂ ಬಂದಿರಬಹುದು ಎಂಬ ಯೋಚನೆಯೇ ನನ್ನನ್ನು ಈ ಪರೀಕ್ಷೆಗೆ ಹಚ್ಚಿತು.

ಕಾಫಿಯಿಂದ ಆರಂಭಿಸುತ್ತೇನೆ, ಏಕೆಂದರೆ ನ್ಯಾಯಯುತ ವ್ಯಾಪಾರದ ಮುದ್ರೆ ಹುಟ್ಟಿದ್ದೇ ಕಾಫಿಯ ಪೊಟ್ಟಣದ ಮೇಲೆ, 1988ರಲ್ಲಿ, ನೆದರ್‌ಲ್ಯಾಂಡ್ಸ್‌ನಲ್ಲಿ. ಬೇರೆಬೇರೆ ದೇಶಗಳಲ್ಲಿದ್ದ ಇಂಥ ಮುದ್ರೆಗಳು 1997ರಲ್ಲಿ ಒಂದು ಒಕ್ಕೂಟದಡಿ ಸೇರಿದವು, ಇಂದು ಕಾಣುವ ಫೇರ್‌ಟ್ರೇಡ್ ಗುರುತು 2002ರಲ್ಲಿ ಬಂತು. ಅದರ ಮುಖ್ಯ ಭರವಸೆ ಕನಿಷ್ಠ ಬೆಲೆ. ಮಾರುಕಟ್ಟೆ ಎಷ್ಟೇ ಕುಸಿದರೂ ರೈತರ ಸಹಕಾರ ಸಂಘಕ್ಕೆ ಆ ಬೆಲೆ ಸಿಗಬೇಕು, ಅದರ ಮೇಲೆ ಊರಿನ ಕೆಲಸಕ್ಕೋ ತೋಟದ ಸುಧಾರಣೆಗೋ ಬಳಸಬಹುದಾದ ಪ್ರೀಮಿಯಂ ಎಂಬ ಹೆಚ್ಚುವರಿ ಮೊತ್ತವೂ ಸಿಗಬೇಕು. 2018ರಿಂದ 2019ರ ನಡುವೆ ಕಾಫಿಯ ಜಾಗತಿಕ ಬೆಲೆ ಒಂದು ಪೌಂಡ್ ತೂಕಕ್ಕೆ (ಸುಮಾರು 450 ಗ್ರಾಂ) ಒಂದು ಡಾಲರಿಗಿಂತಲೂ ಕೆಳಗಿಳಿದಾಗ, ನೀರಿನಲ್ಲಿ ತೊಳೆದು ಸಂಸ್ಕರಿಸಿದ ಅರೇಬಿಕಾ ತಳಿಯ ಕಾಫಿಗೆ ಈ ವ್ಯವಸ್ಥೆಯ ಕನಿಷ್ಠ ಬೆಲೆ 1.40 ಡಾಲರ್ ಇತ್ತು. 2023ರ ಆಗಸ್ಟ್‌ನಲ್ಲಿ ಅದನ್ನು 1.80 ಡಾಲರಿಗೆ ಏರಿಸಲಾಯಿತು. ಜೀತಕ್ಕೂ ಬೆಲೆಗೂ ಏನು ಸಂಬಂಧವೆಂದು ಕೇಳುವವರಿಗೆ ಉತ್ತರ ಸರಳವಾಗಿದೆ. ಖರ್ಚೂ ಹುಟ್ಟದ ಬೆಲೆಗೆ ಬೆಳೆ ಮಾರಬೇಕಾದವರು ಮೊದಲು ಕೈಹಾಕುವುದು ಕೂಲಿಗೆ. ಕೂಲಿ ಕಡಿತವಾದ ಕಡೆ ಮುಂಗಡ ಕೊಟ್ಟು ಆಳುಗಳನ್ನು ಕರೆತರುವ ದಲ್ಲಾಳಿಗೆ ಜಾಗ ಸಿಗುತ್ತದೆ. ಆ ದೃಷ್ಟಿಯಿಂದ ಈ ಮುದ್ರೆ ಜೀತದ ಬೇರಿನತ್ತ ಗುರಿಯಿಟ್ಟಿದೆ, ಅದನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಆದರೆ ಬೆಲೆ ತಲುಪುವುದು ಸಂಘದ ಸದಸ್ಯರಿಗೆ. ಸುಗ್ಗಿಯ ಕಾಲದಲ್ಲಿ ಹಣ್ಣು ಬಿಡಿಸಲು ಬರುವ ಕೂಲಿಯವರು ಸಾಮಾನ್ಯವಾಗಿ ಸದಸ್ಯರಲ್ಲ. ಲಂಡನ್ ವಿಶ್ವವಿದ್ಯಾಲಯದ ಸೋವಾಸ್ ಸಂಸ್ಥೆಯ ಸಂಶೋಧಕರು ಇಥಿಯೋಪಿಯಾ ಮತ್ತು ಉಗಾಂಡಾಗಳಲ್ಲಿ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನ, ಫೇರ್‌ಟ್ರೇಡ್ ಸಂಘಗಳಿರುವ ಪ್ರದೇಶಗಳಲ್ಲಿ ಕೂಲಿಕಾರರ ಸ್ಥಿತಿ ಉಳಿದೆಡೆಗಿಂತ ಉತ್ತಮವಾಗಿರಲಿಲ್ಲ ಎಂಬ ನಿರ್ಧಾರಕ್ಕೆ ಬಂತು. ಹೋಲಿಕೆಯ ವಿಧಾನವೇ ಸರಿಯಿಲ್ಲವೆಂದು ಫೇರ್‌ಟ್ರೇಡ್ ಸಂಸ್ಥೆ ಅದನ್ನು ಒಪ್ಪಲಿಲ್ಲ. ಈ ವಾದವಿವಾದದಲ್ಲಿ ಯಾರು ಗೆದ್ದರೆಂಬುದಕ್ಕಿಂತ, ಹಣ್ಣು ಬಿಡಿಸುವ ಕೈಯನ್ನು ಮುದ್ರೆ ಎಷ್ಟು ಬಲವಾಗಿ ಹಿಡಿದಿದೆ ಎಂಬ ಪ್ರಶ್ನೆಯನ್ನು ಅದು ಎತ್ತಿಟ್ಟಿತೆಂಬುದು ನನಗೆ ಮುಖ್ಯವೆನಿಸಿತು. ಕಾಫಿಯ ಮಟ್ಟಿಗೆ ನನ್ನ ತೀರ್ಮಾನವಿದು: ಮುದ್ರೆಯಿರುವ ಪೊಟ್ಟಣವನ್ನೇ ಕೊಳ್ಳುತ್ತೇನೆ, ಆದರೆ ಸಣ್ಣ ರೈತರಿಗೆ ನ್ಯಾಯ ಸಿಕ್ಕಿತೆಂಬ ವಿಶ್ವಾಸದಿಂದ ಕೊಳ್ಳುತ್ತೇನೆಯೇ ಹೊರತು ಕೂಲಿಯವರ ಬಗ್ಗೆ ಅಷ್ಟೇ ವಿಶ್ವಾಸ ನನಗಿಲ್ಲ.

ಚಾಕೊಲೇಟಿನಲ್ಲಿ ಎದುರಾದದ್ದು ಬೇರೆ ತೊಡಕು. ಮುದ್ರೆಯ ಪಕ್ಕದಲ್ಲಿ ಒಂದು ಸಣ್ಣ ಬಾಣದ ಗುರುತಿದ್ದರೆ ಹೊದಿಕೆಯ ಹಿಂಬದಿಯನ್ನು ಓದಬೇಕೆಂದು ಅರ್ಥ. ನಾನು ಹಲವು ತಿಂಗಳು ಅದನ್ನು ಗಮನಿಸಿಯೇ ಇರಲಿಲ್ಲ. ಕೋಕೋ, ಸಕ್ಕರೆ, ಚಹಾ, ಹಣ್ಣಿನ ರಸಗಳಿಗೆ ಫೇರ್‌ಟ್ರೇಡ್ ನಿಯಮ ಬೆರಕೆಗೆ ಅವಕಾಶ ಕೊಡುತ್ತದೆ. ಕಂಪನಿ ಎಷ್ಟು ಟನ್ ಕೋಕೋವನ್ನು ನ್ಯಾಯಯುತ ಷರತ್ತಿನಡಿ ಕೊಂಡಿದೆಯೋ ಅಷ್ಟೇ ಪ್ರಮಾಣದ ಸರಕಿನ ಮೇಲೆ ಮುದ್ರೆ ಒತ್ತಬಹುದು, ಆದರೆ ಕಾರ್ಖಾನೆಯಲ್ಲಿ ಆ ಬೀಜ ಬೇರೆ ಬೀಜಗಳ ಜೊತೆ ಸೇರಿಹೋಗಿರಬಹುದು. ಹಣ ಸರಿಯಾದ ರೈತರಿಗೆ ತಲುಪಿರುತ್ತದೆ, ನನ್ನ ಕೈಯಲ್ಲಿರುವ ತುಂಡು ಯಾವ ತೋಟದ್ದೆಂದು ಮಾತ್ರ ಹೇಳಲಾಗದು. ಸಣ್ಣ ಸಂಘಗಳ ಬೀಜವನ್ನು ಪ್ರತ್ಯೇಕವಾಗಿ ಅರೆಯಲು ದೊಡ್ಡ ಗಿರಣಿಗಳು ಒಪ್ಪುವುದಿಲ್ಲ ಎಂಬ ವಾಸ್ತವದಿಂದ ಈ ನಿಯಮ ಹುಟ್ಟಿದೆ, ಅದರ ಹಿಂದಿನ ಕಷ್ಟ ನನಗೆ ಅರ್ಥವಾಗುತ್ತದೆ. ಹಾಗಿದ್ದರೂ ಐವರಿ ಕೋಸ್ಟ್ ಮತ್ತು ಘಾನಾಗಳ ಕೋಕೋ ತೋಟಗಳಲ್ಲಿ 15 ಲಕ್ಷ 60 ಸಾವಿರದಷ್ಟು ಮಕ್ಕಳು ದುಡಿಯುತ್ತಿದ್ದಾರೆಂದು ಶಿಕಾಗೋ ವಿಶ್ವವಿದ್ಯಾಲಯದ ಎನ್‌ಒಆರ್‌ಸಿ ಸಂಸ್ಥೆ 2020ರಲ್ಲಿ ಅಂದಾಜು ಮಾಡಿದ ಮೇಲೆ, ಬೀಜದ ಮೂಲ ಗೊತ್ತಿಲ್ಲದ ಚಾಕೊಲೇಟನ್ನು ನೆಮ್ಮದಿಯಿಂದ ತಿನ್ನಲು ನನ್ನಿಂದಾಗದು. ಆದ್ದರಿಂದ ಬೀಜವನ್ನು ಬೆರಸದೆ ತೋಟದಿಂದ ಕಾರ್ಖಾನೆಯವರೆಗೆ ಬೇರೆಯಾಗಿಯೇ ತಂದಿದ್ದೇವೆಂದು ಹೊದಿಕೆಯ ಮೇಲೆ ಬರೆದಿರುವ ಚಾಕೊಲೇಟನ್ನು ಮಾತ್ರ ಈಗ ಆರಿಸುತ್ತೇನೆ. ಬಾಣದ ಅರ್ಥವನ್ನು ಹೊದಿಕೆಯ ಮುಂಭಾಗದಲ್ಲೇ ಒಂದು ಸಾಲಿನಲ್ಲಿ ಹೇಳದಿರುವುದು ಈ ಮುದ್ರೆಯ ದೊಡ್ಡ ಕೊರತೆ.

ರತ್ನಗಂಬಳಿಯ ಗುಡ್‌ವೀವ್ ಗುರುತು ನಾನು ಪರೀಕ್ಷಿಸಿದವುಗಳಲ್ಲಿ ಅತ್ಯಂತ ಸ್ಪಷ್ಟವಾದದ್ದು. ಕೈಲಾಶ್ ಸತ್ಯಾರ್ಥಿಯವರ ಮುಂದಾಳತ್ವದಲ್ಲಿ 1994ರಲ್ಲಿ ರಗ್‌ಮಾರ್ಕ್ ಎಂಬ ಹೆಸರಿನಿಂದ ಆರಂಭವಾದ ಈ ವ್ಯವಸ್ಥೆ ಮಗ್ಗದಿಂದ ಮಕ್ಕಳನ್ನು ಬಿಡಿಸುವುದನ್ನೇ ಗುರಿಯಾಗಿಟ್ಟುಕೊಂಡಿತ್ತು, ಮುಂದೆ ಜೀತದ ದುಡಿಮೆಯನ್ನೂ ತನ್ನ ನಿಯಮಗಳಲ್ಲಿ ಸೇರಿಸಿಕೊಂಡಿತು. ಪ್ರತಿ ಗಂಬಳಿಯ ಹಿಂಬದಿಯ ಚೀಟಿಗೂ ಅದರದೇ ಸಂಖ್ಯೆಯಿದ್ದು, ಅದರಿಂದ ಗಂಬಳಿಯ ಮೂಲವನ್ನು ಪತ್ತೆಮಾಡಬಹುದು. ತಪಾಸಕರು ಮುನ್ಸೂಚನೆ ಕೊಡದೆ ಬರುತ್ತಾರೆ, ಕಾರ್ಖಾನೆಗಳನ್ನಷ್ಟೇ ಅಲ್ಲದೆ ಮನೆಗಳಲ್ಲಿರುವ ಮಗ್ಗಗಳನ್ನೂ ನೋಡುತ್ತಾರೆ. ಒಂದೇ ಬಗೆಯ ಸರಕಿಗೆ ಒಂದೇ ಮುಖ್ಯ ಗುರಿಯನ್ನಿಟ್ಟುಕೊಂಡ ಮುದ್ರೆ ತನ್ನ ಕೆಲಸವನ್ನು ಚೆನ್ನಾಗಿ ಮಾಡಬಲ್ಲದು ಎಂಬುದಕ್ಕೆ ಇದು ಸಾಕ್ಷಿ.

ಬಟ್ಟೆಯ ವಿಷಯಕ್ಕೆ ಬಂದಾಗ ನನ್ನ ವಿಶ್ವಾಸ ಬಹಳ ಕುಗ್ಗಿತು. ಬಟ್ಟೆಯ ಅಂಗಡಿಗಳು ತೋರಿಸುವ ಹೆಚ್ಚಿನ ಭರವಸೆಗಳು ನಿಂತಿರುವುದು ಕಾರ್ಖಾನೆಯ ತಪಾಸಣೆಯ ಮೇಲೆ. 2012ರ ಸೆಪ್ಟೆಂಬರ್ 11ರಂದು ಕರಾಚಿಯ ಒಂದು ಬಟ್ಟೆ ಕಾರ್ಖಾನೆಗೆ ಬೆಂಕಿ ಬಿದ್ದು 250ಕ್ಕೂ ಹೆಚ್ಚು ಕಾರ್ಮಿಕರು ಸತ್ತರು. ಕಿಟಕಿಗಳಿಗೆ ಸರಳುಗಳಿದ್ದವು, ಹೊರಹೋಗುವ ಬಾಗಿಲುಗಳಿಗೆ ಬೀಗವಿತ್ತು. ಆ ಕಾರ್ಖಾನೆಗೆ ಕೆಲವೇ ವಾರಗಳ ಹಿಂದೆ ಎಸ್‌ಎ 8000 ಎಂಬ ಪ್ರತಿಷ್ಠಿತ ಸಾಮಾಜಿಕ ಪ್ರಮಾಣಪತ್ರ ಸಿಕ್ಕಿತ್ತು. ಕಣ್ಣಿಗೆ ಕಾಣುವ ಬೀಗವೇ ತಪಾಸಣೆಯಲ್ಲಿ ಸಿಗದಿದ್ದರೆ, ಕಾರ್ಮಿಕರ ತಲೆಯ ಮೇಲಿನ ಕಾಣದ ಸಾಲ ಸಿಗುವುದಾದರೂ ಹೇಗೆ? ಬೇರೆ ದೇಶದಲ್ಲಿ ದಲ್ಲಾಳಿಗೆ ಕೊಟ್ಟ ನೇಮಕಾತಿ ಶುಲ್ಕ ಕಾರ್ಖಾನೆಯ ಸಂಬಳದ ಪುಸ್ತಕದಲ್ಲಿ ಇರುವುದಿಲ್ಲ. ಮೇಲ್ವಿಚಾರಕರ ಕಣ್ಣೆದುರಿಗೇ ನಡೆಯುವ ಸಂದರ್ಶನದಲ್ಲಿ ಯಾರೂ ಬಾಯಿಬಿಡುವುದಿಲ್ಲ. ಇನ್ನು ಸರ್ಕಾರವೇ ದುಡಿಮೆಗೆ ಒತ್ತಾಯಿಸುವ ಕಡೆ ತಪಾಸಣೆಗೆ ಅರ್ಥವೇ ಉಳಿಯುವುದಿಲ್ಲ. ಚೀನಾದ ಶಿನ್‌ಜಿಯಾಂಗ್ ಪ್ರದೇಶದಲ್ಲಿ ಕಾರ್ಮಿಕರ ಸ್ಥಿತಿಯ ತಪಾಸಣೆಯನ್ನು ಮುಂದೆ ನಡೆಸುವುದಿಲ್ಲವೆಂದು 2020ರಲ್ಲಿ ಹಲವು ತಪಾಸಣಾ ಸಂಸ್ಥೆಗಳು ಹೇಳಿದವು. ಜಗತ್ತಿನ ಹತ್ತಿಯಲ್ಲಿ ಸುಮಾರು ಐದನೆಯ ಒಂದು ಭಾಗ ಬರುತ್ತಿದ್ದುದು ಅಲ್ಲಿಂದಲೇ. ಅಲ್ಲಿಯ ಸರಕನ್ನು ಬಲವಂತದ ದುಡಿಮೆಯದ್ದೆಂದೇ ಭಾವಿಸಿ, ಹಾಗಲ್ಲವೆಂದು ತೋರಿಸುವ ಹೊಣೆಯನ್ನು ಆಮದು ಮಾಡುವವರ ಮೇಲೆ ಹೊರಿಸುವ ಅಮೆರಿಕದ ಕಾನೂನು 2022ರ ಜೂನ್ 21ರಿಂದ ಜಾರಿಯಲ್ಲಿದೆ.

ತಮ್ಮ ಬಟ್ಟೆ ನೈತಿಕವಾಗಿ ತಯಾರಾದದ್ದೆಂದು ಹೇಳಿಕೊಳ್ಳುವ ಇಬ್ಬರು ಮಾರಾಟಗಾರರಿಗೆ ನಾನು ಪತ್ರ ಬರೆದು ಮೂರು ವಿಷಯ ಕೇಳಿದೆ: ನೂಲು ಯಾವ ಗಿರಣಿಯದ್ದು, ಹತ್ತಿ ಎಲ್ಲಿಯದ್ದು, ಕಾರ್ಮಿಕರನ್ನು ಕರೆತಂದ ಖರ್ಚನ್ನು ಯಾರು ಭರಿಸಿದರು. ಮೊದಲನೆಯವರಿಂದ ಬಂದದ್ದು ನುಣುಪಾದ ಭಾಷೆಯ ಒಂದು ನೀತಿಸಂಹಿತೆ, ಅದರಲ್ಲಿ ಒಂದು ಊರಿನ ಹೆಸರೂ ಇರಲಿಲ್ಲ. ಎರಡನೆಯವರು ನೂಲಿನ ಗಿರಣಿಯ ಹೆಸರು ಕೊಟ್ಟರು, ಕಾರ್ಮಿಕರಿಂದ ನೇಮಕಾತಿ ಶುಲ್ಕ ಪಡೆಯಬಾರದೆಂಬ ಷರತ್ತು ಒಪ್ಪಂದದಲ್ಲಿದೆ ಎಂದರು, ಹತ್ತಿ ಯಾವ ಹೊಲದ್ದೆಂದು ತಮಗೆ ಗೊತ್ತಿಲ್ಲವೆಂದು ಒಪ್ಪಿಕೊಂಡರು. ನಾನು ಬಟ್ಟೆ ಕೊಂಡದ್ದು ಇವರಿಂದ. ಗೊತ್ತಿಲ್ಲವೆಂದು ಲಿಖಿತವಾಗಿ ಹೇಳುವ ಮಾರಾಟಗಾರರು, ಎಲ್ಲವೂ ಸರಿಯಿದೆ ಎನ್ನುವವರಿಗಿಂತ ಹೆಚ್ಚು ನಂಬಿಕೆಗೆ ಅರ್ಹರು ಎಂಬುದು ನನ್ನ ಅನುಭವ.

ಹಾಗಾದರೆ ಜೀತವನ್ನು ನಿಜವಾಗಿ ತಡೆಯಬಲ್ಲ ಮುದ್ರೆ ಹೇಗಿರಬೇಕು? ಇದಕ್ಕೆ ನನಗೆ ಸಿಕ್ಕ ಅತ್ಯುತ್ತಮ ಉತ್ತರ ಫ್ಲಾರಿಡಾದ ಟೊಮೆಟೊ ಹೊಲಗಳದ್ದು. ಅಲ್ಲಿಯ ಇಮ್ಮೊಕಲಿ ಎಂಬ ಊರಿನಲ್ಲಿ 1993ರಲ್ಲಿ ಒಗ್ಗೂಡಿದ ಕೂಲಿಕಾರರು ಜೀತದ ಮೊಕದ್ದಮೆಗಳಲ್ಲಿ ತನಿಖೆಗೆ ನೆರವಾಗುತ್ತಲೇ ದೊಡ್ಡ ಕೊಳ್ಳುಗ ಕಂಪನಿಗಳನ್ನು ಒಂದೊಂದಾಗಿ ಒಪ್ಪಂದಕ್ಕೆ ತಂದರು, 2011ರಲ್ಲಿ ಫೇರ್ ಫುಡ್ ಕಾರ್ಯಕ್ರಮ ರಾಜ್ಯದ ಹೊಲಗಳಲ್ಲಿ ವ್ಯಾಪಕವಾಗಿ ಜಾರಿಗೆ ಬಂತು. ಅದರ ಬಲವಿರುವುದು ಒಪ್ಪಂದದ ಸ್ವರೂಪದಲ್ಲಿ. ಕಂಪನಿಗಳು ಪೌಂಡಿಗೆ ಒಂದು ಸೆಂಟ್ ಹೆಚ್ಚು ಕೊಡಬೇಕು, ನಿಯಮ ಪಾಲಿಸುವ ಬೆಳೆಗಾರರಿಂದ ಮಾತ್ರ ಕೊಳ್ಳಬೇಕು, ಇದಕ್ಕೆ ಅವು ಕಾನೂನಿನ ಪ್ರಕಾರ ಬದ್ಧ. ಹೊಲದಲ್ಲಿ ಬಲವಂತದ ದುಡಿಮೆ ಕಂಡುಬಂದರೆ ಆ ಬೆಳೆಗಾರರಿಗೆ ಆ ಕಂಪನಿಗಳ ಬಾಗಿಲೇ ಮುಚ್ಚುತ್ತದೆ. ಹಗಲಿರುಳು ದೂರು ಹೇಳಬಹುದಾದ ದೂರವಾಣಿಯಿದೆ, ಕೂಲಿಯವರಿಗೆ ಅವರ ಹಕ್ಕುಗಳನ್ನು ಕೂಲಿಯವರೇ ಕೆಲಸದ ವೇಳೆಯಲ್ಲಿ ತಿಳಿಸಿಕೊಡುತ್ತಾರೆ, ತಪಾಸಕರು ಕನಿಷ್ಠ ಅರ್ಧದಷ್ಟು ಕೂಲಿಯವರನ್ನು ಮಾತನಾಡಿಸಲೇಬೇಕು. ವರ್ಷಕ್ಕೊಮ್ಮೆ ಬಂದು ಹೋಗುವವರ ಬದಲು ಹೊಲದಲ್ಲಿರುವವರೇ ದಿನವೂ ಕಾವಲುಗಾರರಾಗುವ ವ್ಯವಸ್ಥೆಯಿದು. ಈ ಗುರುತು ಕೆಲವೇ ಬೆಳೆಗಳ ಮೇಲೆ, ಬಹುಮಟ್ಟಿಗೆ ಅಮೆರಿಕದಲ್ಲಿ ಮಾತ್ರ ಸಿಗುತ್ತದೆಂಬುದು ಬೇಸರದ ಸಂಗತಿ. ಆದರೆ ಯಾವುದೇ ಮುದ್ರೆಯ ಮುಂದೆ ನಿಂತಾಗ ಈಗ ನಾನು ಕೇಳಿಕೊಳ್ಳುವ ಪ್ರಶ್ನೆಗಳು ಇಲ್ಲಿಂದಲೇ ಬಂದವು: ದೂರು ಹೇಳಲು ಕಾರ್ಮಿಕರಿಗೆ ದಾರಿಯಿದೆಯೇ, ದೂರು ನಿಜವಾದರೆ ಕಂಪನಿಗೆ ನಷ್ಟವಾಗುತ್ತದೆಯೇ?

ಕೊಳ್ಳದಿರುವುದಕ್ಕೂ ಬಲವಿದೆಯೆಂದು ಉಜ್ಬೇಕಿಸ್ತಾನ ತೋರಿಸಿತು. ಅಲ್ಲಿ ಸರ್ಕಾರವೇ ಶಿಕ್ಷಕರು, ವೈದ್ಯರು, ವಿದ್ಯಾರ್ಥಿಗಳನ್ನು ಪ್ರತಿ ಸುಗ್ಗಿಗೂ ಹತ್ತಿ ಬಿಡಿಸಲು ಅಟ್ಟುತ್ತಿತ್ತು. 300ಕ್ಕೂ ಹೆಚ್ಚು ಬ್ರ್ಯಾಂಡ್‌ಗಳು ಆ ಹತ್ತಿಯನ್ನು ಬಳಸುವುದಿಲ್ಲವೆಂದು ಪ್ರತಿಜ್ಞೆ ಮಾಡಿದ್ದವು, ಅಲ್ಲಿನ ಹೋರಾಟಗಾರರು ಅಪಾಯವನ್ನು ಲೆಕ್ಕಿಸದೆ ಹೊಲಗಳ ಸ್ಥಿತಿಯನ್ನು ದಾಖಲಿಸುತ್ತಿದ್ದರು. 2021ರ ಸುಗ್ಗಿಯಲ್ಲಿ ವ್ಯವಸ್ಥಿತವಾದ ಬಲವಂತದ ದುಡಿಮೆ ಕಂಡುಬರಲಿಲ್ಲವೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಹೇಳಿತು, 2022ರ ಮಾರ್ಚ್‌ನಲ್ಲಿ ಬಹಿಷ್ಕಾರವನ್ನು ಹಿಂತೆಗೆದುಕೊಳ್ಳಲಾಯಿತು. ನೆರೆಯ ತುರ್ಕಮೆನಿಸ್ತಾನದ ಹತ್ತಿಯ ಮೇಲೆ ಮಾತ್ರ ಅದು ಮುಂದುವರಿದಿದೆ. ಎಲ್ಲಿ ಎಚ್ಚರ ವಹಿಸಬೇಕೆಂದು ತಿಳಿಯಲು ಅಮೆರಿಕದ ಕಾರ್ಮಿಕ ಇಲಾಖೆಯ ಪಟ್ಟಿ ನನಗೆ ತುಂಬ ಉಪಯೋಗಕ್ಕೆ ಬಂತು. ಬಾಲಕಾರ್ಮಿಕರು ಅಥವಾ ಬಲವಂತದ ದುಡಿಮೆಯ ನೆರಳಿರುವ 82 ದೇಶ ಮತ್ತು ಪ್ರದೇಶಗಳ 204 ಸರಕುಗಳನ್ನು ಅದರ 2024ರ ಆವೃತ್ತಿ ಹೆಸರಿಸುತ್ತದೆ. ಅದು ಯಾವ ಬ್ರ್ಯಾಂಡನ್ನೂ ಹೆಸರಿಸುವುದಿಲ್ಲ, ಹಾಗಾಗಿ ಅಂಗಡಿಯಲ್ಲಿ ನಿಂತು ತೀರ್ಮಾನಿಸಲು ಅದೊಂದೇ ಸಾಲದು.

ಫೋನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. 2013ರಲ್ಲಿ ಸ್ಥಾಪನೆಯಾದ ಫೇರ್‌ಫೋನ್ ಗಣಿಯವರೆಗೂ ಪೂರೈಕೆಯ ಜಾಡು ಹಿಡಿಯಲು ಪ್ರಾಮಾಣಿಕವಾಗಿ ಯತ್ನಿಸುತ್ತಿದೆ, ಬಳಕೆದಾರರೇ ಭಾಗಗಳನ್ನು ಬದಲಿಸಿಕೊಳ್ಳುವಂತೆ ಫೋನನ್ನು ರೂಪಿಸುತ್ತದೆ. ಆದರೂ ಹತ್ತಾರು ಲೋಹಗಳಿರುವ ಒಂದು ಸಾಧನದ ಪ್ರತಿ ಕಣಕ್ಕೂ ಜೀತಮುಕ್ತವೆಂಬ ಖಾತರಿಯನ್ನು ಇಂದು ಯಾರೂ ಕೊಡಲಾರರು. ನಾನು ಕೊನೆಗೆ ಬೇರೊಬ್ಬರು ಬಳಸಿದ ಫೋನನ್ನೇ ಕೊಂಡು ಬ್ಯಾಟರಿ ಬದಲಿಸಿಕೊಂಡೆ.

ಬಲವಂತದ ದುಡಿಮೆಯ ಸರಕನ್ನು ತನ್ನ ಮಾರುಕಟ್ಟೆಯಿಂದಲೇ ಹೊರಗಿಡುವ ಐರೋಪ್ಯ ಒಕ್ಕೂಟದ ನಿಯಮ 2027ರ ಡಿಸೆಂಬರ್ 14ರಿಂದ ಅನ್ವಯವಾಗಲಿದೆ. ಅಲ್ಲಿಯವರೆಗೂ, ಆ ನಂತರವೂ, ಪತ್ರ ಬರೆಯುವುದನ್ನು ನಾನು ನಿಲ್ಲಿಸುವುದಿಲ್ಲ. ಬಟ್ಟೆಯ ಎರಡನೆಯ ಮಾರಾಟಗಾರರು ಮೂರು ತಿಂಗಳ ಬಳಿಕ ತಾವಾಗಿಯೇ ಮತ್ತೆ ಬರೆದು, ಹತ್ತಿಯ ಬೀಜ ಬಿಡಿಸುವ ಜಿನ್ನಿಂಗ್ ಕಾರ್ಖಾನೆಯ ಹೆಸರನ್ನು ಗಿರಣಿಯಿಂದ ಪಡೆದು ಕಳುಹಿಸಿದ್ದಾರೆ. ಹೊಲಗಳ ವಿವರ ಇನ್ನೂ ಬರಬೇಕಿದೆ.