ಸರೋವರದ ನೀರಿಗೆ ಫಿಲ್ಟರೋ, ಮಾತ್ರೆಯೋ, ಬೆಂಕಿಯೋ?

ಕಾಡು, ಸರೋವರಗಳ ನಡುವೆ ಹಲವು ದಿನ ಸಾಗುವ ಚಾರಣದಲ್ಲಿ ನೀರಿಗೆ ಬರವಿಲ್ಲ. ಒಂದು ಸರೋವರದ ದಂಡೆ ಬಿಟ್ಟು ಮರಗಳ ನಡುವೆ ಹೊಕ್ಕರೆ ಸ್ವಲ್ಪ ಹೊತ್ತಿಗೆ ಇನ್ನೊಂದು ಎದುರಾಗುತ್ತದೆ. ತೊಂದರೆ ಇರುವುದು ಆ ನೀರನ್ನು ಕುಡಿಯುವಂತೆ ಮಾಡುವುದರಲ್ಲಿ. ತಳದ ಕಲ್ಲು ಎಣಿಸಬಹುದಾದಷ್ಟು ತಿಳಿಯಾದ ನೀರಿನಲ್ಲೂ ಪ್ರಾಣಿಗಳ ಮಲದಿಂದ ಸೇರಿದ ಜಿಯಾರ್ಡಿಯಾ, ಕ್ರಿಪ್ಟೋಸ್ಪೊರಿಡಿಯಂ ಎಂಬ, ಹೊಟ್ಟೆ ಕೆಡಿಸುವ ಪರಾವಲಂಬಿ ಸೂಕ್ಷ್ಮಜೀವಿಗಳು ಇರಬಹುದು. ಜಿಯಾರ್ಡಿಯಾ ಹೊಟ್ಟೆ ಸೇರಿದರೂ ಕಾಟ ಶುರುವಾಗುವುದಕ್ಕೆ ಸಾಮಾನ್ಯವಾಗಿ ಒಂದೆರಡು ವಾರ ಬೇಕು. ಹಾಗಾಗಿ ‘ನಿನ್ನೆ ಹಾಗೆಯೇ ಕುಡಿದೆ, ಏನೂ ಆಗಲಿಲ್ಲ’ ಎನ್ನುವ ಸಹಚಾರಣಿಗರ ಮಾತಿಗೆ ನಾನು ತಲೆದೂಗುವುದಿಲ್ಲ.

ಹಿಂಡುವ ಫಿಲ್ಟರ್, ಕ್ಲೋರಿನ್ ಡೈಆಕ್ಸೈಡ್ ಮಾತ್ರೆ, ಕುದಿಸುವುದು, ಅತಿನೇರಳೆ ದೀಪ – ನಾಲ್ಕನ್ನೂ ಬಳಸಿ ನೋಡಿದ್ದೇನೆ. ಯಾವುದು ಹೆಚ್ಚು ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ ಎಂಬುದನ್ನು ಪೊಟ್ಟಣದ ಮೇಲೆಯೇ ಓದಬಹುದು. ದಣಿದು ಬಂದ ಸಂಜೆ, ಸೊಳ್ಳೆಗಳು ಮುತ್ತುತ್ತಿರುವಾಗ ಯಾವುದನ್ನು ಬೇಸರವಿಲ್ಲದೆ ಮಾಡುತ್ತೇವೆ ಎಂಬುದು ಅಲ್ಲಿರುವುದಿಲ್ಲ. ನನ್ನ ಅಳತೆಗೋಲು ಅದು.

ಮೊದಲು ಫಿಲ್ಟರ್. ಒಳಗಿರುವ ಟೊಳ್ಳು ಎಳೆಗಳ ರಂಧ್ರ ಸಾಮಾನ್ಯವಾಗಿ 0.1 ಮೈಕ್ರಾನ್. ಬ್ಯಾಕ್ಟೀರಿಯಾ ದಾಟಲಾರವು, ನಾಲ್ಕೈದು ಮೈಕ್ರಾನ್ ಗಾತ್ರದ ಕ್ರಿಪ್ಟೋಸ್ಪೊರಿಡಿಯಂ ಅಂತೂ ಹತ್ತಿರ ಸುಳಿಯದು. ವೈರಸ್‌ಗಳು ಮಾತ್ರ ನುಸುಳಿಬಿಡುತ್ತವೆ. ಜನವಸತಿಯಿಲ್ಲದ ಕಾಡಿನಲ್ಲಿ ಇದು ದೊಡ್ಡ ಚಿಂತೆಯಲ್ಲ. ಊರಿನ ಚರಂಡಿ ಬಂದು ಸೇರುವ ನೀರಾದರೆ ಚಿಂತಿಸಲೇಬೇಕು. ಚೀಲ ತುಂಬಿ, ಫಿಲ್ಟರ್ ತಿರುಗಿಸಿ, ಹಿಂಡಿ ಅಲ್ಲೇ ಕುಡಿಯಬಹುದು. ಬಾಟಲಿಯಲ್ಲಿ ನೀರು ಹೊತ್ತು ನಡೆಯುವ ಭಾರ ಇದರಿಂದ ಎಷ್ಟು ಕಡಿಮೆಯಾಗುತ್ತದೆ ಎಂಬುದು ಭುಜಕ್ಕೆ ಗೊತ್ತು.

ಆದರೆ ಫಿಲ್ಟರ್ ಜೊತೆ ಬರುವ ಮೆತ್ತನೆಯ ಚೀಲ ಸರೋವರಕ್ಕೆ ಹೇಳಿ ಮಾಡಿಸಿದ್ದಲ್ಲ. ಹರಿವ ತೊರೆಗೆ ಬಾಯಿ ಒಡ್ಡಿದರೆ ತಾನೇ ತುಂಬಿಕೊಳ್ಳುತ್ತದೆ. ನಿಂತ ನೀರಿನಲ್ಲಿ ಮುಳುಗಿಸಿದರೆ ಚೀಲದ ಎರಡೂ ಮಗ್ಗುಲು ಅಂಟಿಕೊಂಡು ಒಂದು ಗುಟುಕಿನಷ್ಟೂ ಒಳಗೆ ಹೋಗುವುದಿಲ್ಲ. ಊದಿ ಉಬ್ಬಿಸಿ ಅದ್ದಿ, ನೀರಿನಲ್ಲಿ ಅತ್ತಿಂದಿತ್ತ ಎಳೆದಾಡಿದರೆ ಅರ್ಧ ತುಂಬುತ್ತದೆ. ಅಷ್ಟರಲ್ಲಿ ದಂಡೆಯ ಕೆಸರು ಕದಡಿ ಅದೂ ಒಳಸೇರಿರುತ್ತದೆ. ತಳ ಕತ್ತರಿಸಿದ ಹಳೆಯ ಪ್ಲಾಸ್ಟಿಕ್ ಬಾಟಲಿಯನ್ನು ಲಾಳಿಕೆಯಂತೆ ಬಳಸಿ, ಬಾಯಿಗೆ ಕರವಸ್ತ್ರ ಹಾಸಿ, ಮೇಲಿನ ನೀರನ್ನಷ್ಟೇ ಮೊಗೆದು ಸುರಿಯುವುದು ಇದಕ್ಕೆ ನಾನು ಕಂಡ ಮದ್ದು. ಕಾಲಿಡಲು ಬಂಡೆಯಿರುವ ಕಡೆ ಮೊಗೆದರೆ ಕೆಸರೂ ಏಳುವುದಿಲ್ಲ.

ಕೆಸರು, ಕೊಳೆತ ಎಲೆಯ ಪುಡಿ ಸೇರಿದಂತೆಲ್ಲ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಸಿರಿಂಜಿನಲ್ಲಿ ಶುದ್ಧ ನೀರನ್ನು ಹಿಮ್ಮುಖವಾಗಿ ನೂಕಿದರೆ ಮತ್ತೆ ಸರಾಗವಾಗುತ್ತದೆ. ಆ ಸಿರಿಂಜನ್ನು ಭಾರವೆಂದು ಮನೆಯಲ್ಲಿ ಬಿಟ್ಟು ಬರುವವರು ಮೂರನೆಯ ದಿನದಿಂದ ಚೀಲದ ಮೇಲೆ ಕುಳಿತು ಹಿಂಡುವುದನ್ನು ಕಂಡಿದ್ದೇನೆ. ಹಿಮ ಬೀಳುವ ರಾತ್ರಿಗಳಲ್ಲಿ ಇನ್ನೊಂದು ಎಚ್ಚರ ಬೇಕು: ಒಳಗಿನ ನೀರು ಹೆಪ್ಪುಗಟ್ಟಿದರೆ ಎಳೆಗಳು ಸೀಳಬಹುದು, ಸೀಳಿದ್ದು ಕಣ್ಣಿಗೆ ಕಾಣಿಸದು. ಹಾಗಾಗಿ ಫಿಲ್ಟರ್ ಮಲಗುವ ಚೀಲದೊಳಗೆ ನನ್ನ ಜೊತೆಗೇ ಇರುತ್ತದೆ.

ಮಾತ್ರೆ ಕೆಲವೇ ಗ್ರಾಂ, ಕೆಡುವ ಭಾಗವೇನೂ ಇಲ್ಲ, ವೈರಸ್‌ಗಳನ್ನೂ ಕೊಲ್ಲುತ್ತದೆ. ಇಷ್ಟೆಲ್ಲ ಇದ್ದೂ ನನಗೆ ಒಗ್ಗಲಿಲ್ಲ, ಕಾರಣ ಕಾಯುವಿಕೆ. ಬ್ಯಾಕ್ಟೀರಿಯಾ, ವೈರಸ್, ಜಿಯಾರ್ಡಿಯಾಗೆ ಸುಮಾರು 30 ನಿಮಿಷ; ಕ್ರಿಪ್ಟೋಸ್ಪೊರಿಡಿಯಂಗೆ 4 ಗಂಟೆ. ನೀರು ತಣ್ಣಗಿದ್ದಷ್ಟೂ ಮಾತ್ರೆಯ ಕೆಲಸ ನಿಧಾನ. ನಾಲ್ಕು ಗಂಟೆಯ ಲೆಕ್ಕ ಹಿಡಿದರೆ ಮಧ್ಯಾಹ್ನ ಕುಡಿಯುವ ನೀರನ್ನು ಬೆಳಗ್ಗೆಯೇ ತುಂಬಿ ಹೊರಬೇಕು. ಪಕ್ಕದಲ್ಲೇ ಸರೋವರ ಇಟ್ಟುಕೊಂಡು ಅದೆಂಥ ಹೊರೆ! ಜೌಗು ನೆಲದಿಂದ ಬಸಿದು ಬರುವ, ಚಹಾದ ಡಿಕಾಕ್ಷನ್ ಬಣ್ಣದ ನೀರಿನಲ್ಲಿ ಸಾವಯವ ಅಂಶ ಹೆಚ್ಚು. ಅದು ಔಷಧವನ್ನು ತಾನೇ ಹೀರಿಕೊಳ್ಳುವುದರಿಂದ ಮಾತ್ರೆಯ ಬಲ ತಗ್ಗುತ್ತದೆ. ಅಯೋಡಿನ್ ಮಾತ್ರೆಯನ್ನಂತೂ ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕ್ರಿಪ್ಟೋಸ್ಪೊರಿಡಿಯಂ ಅದಕ್ಕೆ ಬಗ್ಗುವುದಿಲ್ಲ.

ಕುದಿಸುವುದರಷ್ಟು ನಂಬಿಕೆಯ ದಾರಿ ಇನ್ನೊಂದಿಲ್ಲ. ಕೊತಕೊತ ಕುದಿಯಲು ಹತ್ತಿದ ಮೇಲೆ 1 ನಿಮಿಷ, 2,000 ಮೀಟರ್‌ಗಿಂತ ಎತ್ತರದಲ್ಲಿ 3 ನಿಮಿಷ ಸಾಕು. ಇಂಧನದ ಲೆಕ್ಕ ಮಾತ್ರ ಕೈ ಕಚ್ಚುತ್ತದೆ. ತಣ್ಣನೆಯ ನೀರು ಒಂದು ಲೀಟರ್ ಕುದಿಯಲು ಸುಮಾರು 10ರಿಂದ 15 ಗ್ರಾಂ ಅನಿಲ ಬೇಕು. ದಿನಕ್ಕೆ ನಾಲ್ಕು ಲೀಟರ್ ಕುಡಿಯುವವರು ಎರಡೇ ದಿನದಲ್ಲಿ 100 ಗ್ರಾಂನ ಡಬ್ಬಿ ಖಾಲಿ ಮಾಡುತ್ತಾರೆ. ರಾತ್ರಿಯ ಅಡುಗೆಗೆ ಹೇಗೂ ಕುದಿಯುವ ನೀರನ್ನು ನಾನು ಫಿಲ್ಟರ್‌ಗೆ ಹಾಕುವುದಿಲ್ಲ, ನೇರ ಪಾತ್ರೆಗೆ.

ಅತಿನೇರಳೆ ದೀಪ ಒಂದೂವರೆ ನಿಮಿಷದಲ್ಲಿ ಒಂದು ಲೀಟರ್ ಮುಗಿಸುತ್ತದೆ, ವೈರಸ್ ಸಹಿತ. ಆದರೆ ನೀರು ತಿಳಿಯಾಗಿರಬೇಕು, ಬ್ಯಾಟರಿ ಚಳಿಗೆ ಸೋಲಬಾರದು. ಕಂದು ನೀರಿನ ಸರೋವರಗಳ ದಾರಿಗೆ ಇದನ್ನು ಒಯ್ಯುವುದರಲ್ಲಿ ಅರ್ಥ ಕಾಣೆ.

ಈಗ ನನ್ನ ಚೀಲದಲ್ಲಿರುವುದು ಫಿಲ್ಟರ್, ಸಿರಿಂಜ್, ಮತ್ತು ಫಿಲ್ಟರ್ ಹೆಪ್ಪುಗಟ್ಟಿದ ಅನುಮಾನ ಬಂದರೆ ಇರಲಿ ಎಂದು ಒಂದು ಪಟ್ಟಿ ಮಾತ್ರೆ. ಮೂರ್ನಾಲ್ಕು ಜನರ ಗುಂಪಾದರೆ ಹಿಂಡುವ ಚೀಲದ ಬದಲು ಕೊಂಬೆಗೆ ನೇತುಹಾಕುವ ದೊಡ್ಡ ಚೀಲವೇ ಲೇಸು. ಡೇರೆ ಕಟ್ಟುವಷ್ಟರಲ್ಲಿ ನೀರು ತಾನೇ ಇಳಿದಿರುತ್ತದೆ.

ಬೇಸಿಗೆಯ ಕೊನೆಗೆ ಕೆಲವು ಸರೋವರಗಳ ದಡದಲ್ಲಿ ಹಸಿರು ಬಣ್ಣ ಚೆಲ್ಲಿದಂತೆ ಕೆನೆ ಕಟ್ಟುತ್ತದೆ. ಅದು ನೀಲಿ-ಹಸಿರು ಪಾಚಿಯಾಗಿರಬಹುದು, ಅದರ ವಿಷಕ್ಕೆ ಈ ನಾಲ್ಕರಲ್ಲಿ ಯಾವುದನ್ನೂ ನಂಬುವಂತಿಲ್ಲ. ಕುದಿಸಿದರೆ ಪಾಚಿಯ ಕೋಶಗಳು ಒಡೆದು ವಿಷ ಇನ್ನಷ್ಟು ನೀರಿಗಿಳಿಯುತ್ತದೆ. ಕೆನೆಯನ್ನು ಗಾಳಿ ಒಂದು ದಡಕ್ಕೆ ತಳ್ಳಿರುತ್ತದೆ ನಿಜ, ಆದರೆ ಎದುರು ದಡದ ನೀರು ಸ್ವಚ್ಛವಾಗಿ ಕಂಡರೂ ನಾನು ಮುಟ್ಟುವುದಿಲ್ಲ. ನಕ್ಷೆ ತೆಗೆದು, ಸರೋವರಕ್ಕೆ ಬಂದು ಸೇರುವ ತೊರೆ ಎಲ್ಲಿದೆಯೆಂದು ನೋಡಿ, ಅದರ ಮೇಲ್ಭಾಗದಲ್ಲಿ ನೀರು ತುಂಬಿಕೊಳ್ಳುತ್ತೇನೆ.