ನೀರು ತಣ್ಣಗೇ ಇತ್ತು, ಕಾರ್ಡ್ ಮಾತ್ರ ಕೆಂಡ: ವಾಟರ್ ಕೂಲಿಂಗ್ ಜೊತೆ ಮೂರೂವರೆ ವರ್ಷ

ಕಂಪ್ಯೂಟರ್ ಒಳಗೆ ನೀರು ಸುತ್ತಿಸಿ ಗ್ರಾಫಿಕ್ಸ್ ಕಾರ್ಡನ್ನು ತಂಪಾಗಿಡುವ ಈ ವಾಟರ್ ಕೂಲಿಂಗ್ ಲೂಪ್ ಕಟ್ಟಿದ್ದು 2021ರ ಅಕ್ಟೋಬರ್‌ನಲ್ಲಿ. ನನ್ನ ಕೆಲಸ ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರ್‌ನಲ್ಲಿ ರೆಂಡರಿಂಗ್, ಅಂದರೆ 3ಡಿ ಮಾಡೆಲ್‌ಗಳಿಂದ ಚಿತ್ರ ತೆಗೆಯುವುದು. ರಾತ್ರಿ ಹಾಕಿ ಮಲಗಿದರೆ ಗ್ರಾಫಿಕ್ಸ್ ಕಾರ್ಡ್ ಬೆಳಿಗ್ಗೆವರೆಗೂ ಒಂದೇ ಸಮನೆ ದುಡಿಯಬೇಕು. ಕಾರ್ಡ್ ಆರ್‌ಟಿಎಕ್ಸ್ 3080, ಪೂರ್ತಿ ಲೋಡ್‌ನಲ್ಲಿ 320 ವ್ಯಾಟ್ ತಿನ್ನುತ್ತದೆ. ನನ್ನ ಮಂಚ ಅದೇ ಕೋಣೆಯಲ್ಲಿ ಇರುವುದರಿಂದ ಫ್ಯಾನ್ ಸದ್ದು ತಡೆಯಲಾಗದೆ ನೀರಿನ ದಾರಿ ಹಿಡಿದೆ. ಡಿ5 ಪಂಪ್, ಮೇಲೆ ನೀರಿನ ಶಾಖವನ್ನು ಗಾಳಿಗೆ ಬಿಡುವ 360 ಎಂಎಂ ರೇಡಿಯೇಟರ್, ಮುಂದೆ 240 ಎಂಎಂದು ಇನ್ನೊಂದು, ಕಾರ್ಡ್ ಮೇಲೆ ಚಿಪ್‌ನ ಶಾಖವನ್ನು ನೀರಿಗೆ ದಾಟಿಸುವ, ನಿಕಲ್ ಲೇಪದ ತಾಮ್ರದ ವಾಟರ್ ಬ್ಲಾಕ್. ಇದನ್ನೆಲ್ಲ ಜೋಡಿಸಲು ಗಾಜಿನಂತೆ ಹೊಳೆಯುವ ಮೆತ್ತನೆಯ ಪಿವಿಸಿ ಪೈಪು. ಕಾರ್ಡ್ ಬಿಟ್ಟು ಬರೀ ಈ ಸಾಮಾನಿಗೇ ಆಗ ಸುಮಾರು 55 ಸಾವಿರ ಬಿತ್ತು.

ಮೊದಲ ಎರಡು ವರ್ಷ ಏನೂ ಹೇಳುವ ಹಾಗಿಲ್ಲ. ಕೋಣೆ 27 ಡಿಗ್ರಿ ಇದ್ದಾಗ ಕಾರ್ಡ್ 48. ಸದ್ದೇ ಇಲ್ಲ. ಬಂದವರೆಲ್ಲ ಪೈಪಿನೊಳಗಿನ ನೀಲಿ ನೀರು ನೋಡಿ ಫೋಟೋ ತೆಗೆದುಕೊಂಡು ಹೋಗುತ್ತಿದ್ದರು.

ತೊಂದರೆ ಶುರುವಾಗಿದ್ದು 2024ರ ಬೇಸಿಗೆಯಲ್ಲಿ. ಶುರುವಾಗಿದ್ದು ಅಂತ ಈಗ ಹೇಳುತ್ತೇನೆ, ಆದರೆ ಅದು ತಿಂಗಳುಗಟ್ಟಲೆ ಮೆಲ್ಲಗೆ ಏರುತ್ತಾ ಬಂದಿತ್ತು, ನಾನು ನೋಡಿರಲಿಲ್ಲ. ಆರು ನಿಮಿಷ ಹಿಡಿಯುತ್ತಿದ್ದ ಫ್ರೇಮ್ (ಒಂದು ಚಿತ್ರ) ಎಂಟು ನಿಮಿಷ ಹಿಡಿಯತೊಡಗಿದಾಗ ಉಷ್ಣತೆ ತೋರಿಸುವ ಸಾಫ್ಟ್‌ವೇರ್ ತೆರೆದು ನೋಡಿದೆ. ಕೋಣೆ 34, ಕಾರ್ಡ್ 82, ಹಾಟ್‌ಸ್ಪಾಟ್ 98. ಹಾಟ್‌ಸ್ಪಾಟ್ ಅಂದರೆ ಚಿಪ್ ಒಳಗೆ ಅಲ್ಲಲ್ಲಿ ಇರುವ ಸೆನ್ಸರ್‌ಗಳಲ್ಲಿ ಯಾವುದು ಅತಿ ಬಿಸಿಯೋ ಅದರ ಲೆಕ್ಕ. 82 ಅಂದರೆ ಗಾಳಿಯಲ್ಲಿ ಓಡುವ ಮಾಮೂಲಿ ಕಾರ್ಡ್‌ಗಿಂತಲೂ ಕಡೆ. ಅಷ್ಟು ದುಡ್ಡು ಸುರಿದು ಇದಾ ಅನ್ನಿಸಿತು.

ಬೈಯಲು ಹವಾಮಾನ ಸುಲಭವಾಗಿ ಸಿಕ್ಕಿತು. ಆ ಏಪ್ರಿಲ್ 28ರಂದು ಬೆಂಗಳೂರಿನಲ್ಲಿ 38.5 ಡಿಗ್ರಿ ಆಗಿತ್ತು, ನೆನಪಿರಬೇಕಲ್ಲ. ಆರು ಸಾವಿರ ಕೊಟ್ಟು ಹೊಸ ಫ್ಯಾನ್‌ಗಳನ್ನು ತಂದು ಹಾಕಿದೆ. ಎರಡು ಡಿಗ್ರಿ ಇಳಿಯಿತು, ಸದ್ದು ಮಾತ್ರ ಜಾಸ್ತಿಯಾಯಿತು. ಎಸ್‌ಪಿ ರೋಡಿನ ಒಂದು ಅಂಗಡಿಯಲ್ಲಿ ಕೇಳಿದರೆ, "ಬೇಸಿಗೆ ಅಲ್ವಾ ಸರ್, ಇನ್ನೊಂದು ರೇಡಿಯೇಟರ್ ಹಾಕಿಸ್ಬಿಡಿ, ಸರಿ ಹೋಗುತ್ತೆ" ಅಂದರು. ಹಾಕಿಸಿಯೂ ಬಿಡುತ್ತಿದ್ದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಆಗುತ್ತಿತ್ತು.

ತಡೆದಿದ್ದು ಏಸಿ. ಅಕ್ಕನ ಮನೆಯ ಹಳೇ ಏಸಿಯನ್ನು ನನ್ನ ಕೋಣೆಗೆ ತಂದು ಹಾಕಿದ್ದೆವು. ಹೊಸ ಫ್ಯಾನ್‌ಗಳ ಸ್ಪೀಡ್ ಇಳಿಸಿ, ಕೋಣೆಯನ್ನು 25ಕ್ಕೆ ತಂದು ರೆಂಡರ್ ಓಡಿಸಿದೆ. ಕಾರ್ಡ್ 73ಕ್ಕೆ ಬಂತು. ಖುಷಿಯಾಯಿತು, ಆಮೇಲೆ ಸುಮ್ನೆ ಒಂದು ಕಳೆಯುವ ಲೆಕ್ಕ ಮಾಡಿದೆ. 82ರಲ್ಲಿ 34 ಕಳೆದರೆ 48. 73ರಲ್ಲಿ 25 ಕಳೆದರೂ 48. ಅಂದರೆ ಕೋಣೆ ಎಷ್ಟು ಇಳಿಯಿತೋ ಕಾರ್ಡ್ ಅಷ್ಟೇ ಇಳಿದಿದೆ. ಹೊಸದರಲ್ಲಿ ಇದೇ ಅಂತರ 21 ಇತ್ತು. ಬೇಸಿಗೆಯದೇ ತಪ್ಪಾಗಿದ್ದರೆ ಈ ಅಂತರ ಬದಲಾಗಬಾರದಿತ್ತು.

ಆಗ ಕೊಂಡದ್ದೇ ಇಡೀ ಲೂಪಿನ ಅತ್ಯಂತ ಅಗ್ಗದ, ಅತ್ಯಂತ ಉಪಯೋಗದ ವಸ್ತು: ನೀರಿನ ಉಷ್ಣತೆ ತೋರಿಸುವ ಸೆನ್ಸರ್. ಸಾವಿರದೊಳಗೆ ಸಿಗುತ್ತದೆ. ಲೂಪಿಗೆ ನೀರು ತುಂಬುವ ಡಬ್ಬ, ಅಂದರೆ ರಿಸರ್ವಾಯರ್‌ನ ಖಾಲಿ ತೂತಿಗೆ ತಿರುಗಿಸಿ, ವೈರನ್ನು ಮದರ್‌ಬೋರ್ಡಿಗೆ ಚುಚ್ಚಿದರೆ ಆಯಿತು. ಕೋಣೆ 28, ನೀರು 37, ಕಾರ್ಡ್ 76 ಅಂತ ತೋರಿಸಿತು. ಈಗ 48ರ ಅಂತರ ಎರಡು ತುಂಡಾಯಿತು. ಕೋಣೆಯಿಂದ ನೀರಿಗೆ ಬರೀ 9. ನೀರಿನಿಂದ ಕಾರ್ಡ್‌ಗೆ 39.

ಇಲ್ಲಿ ಒಂದು ಮಾತು, ನಾನೂ ಮೊದಲು ತಪ್ಪು ತಿಳಿದಿದ್ದೆ. ಬ್ಲಾಕ್ ಕೆಟ್ಟರೆ ಶಾಖ ನೀರಿಗೆ ಹೋಗುವುದೇ ಇಲ್ಲ ಅಂತಲ್ಲ. ಹೆಚ್ಚುಕಮ್ಮಿ ಅಷ್ಟೂ ವ್ಯಾಟ್ ಕೊನೆಗೆ ನೀರಿಗೇ ಹೋಗಬೇಕು, ಬೇರೆ ದಾರಿ ಇಲ್ಲ. ಆದರೆ ದಾರಿ ಕಿರಿದಾದರೆ ಅಷ್ಟೇ ಶಾಖವನ್ನು ದಾಟಿಸಲು ಚಿಪ್ ಇನ್ನೂ ಜಾಸ್ತಿ ಬಿಸಿಯಾಗಬೇಕಾಗುತ್ತದೆ. ಹಾಗಾಗಿ ರೇಡಿಯೇಟರ್ ಪಾಪ ತನ್ನ ಕೆಲಸ ಮಾಡುತ್ತಲೇ ಇತ್ತು. ನಾನು ಅದಕ್ಕೇ ಫ್ಯಾನ್ ಮೇಲೆ ಫ್ಯಾನ್ ಹಾಕುತ್ತಿದ್ದೆ.

ಇನ್ನೊಂದು ಪರೀಕ್ಷೆಗೆ ಕಾಸೂ ಬೇಡ. ರೆಂಡರ್ ಓಡುವಾಗ ಕಾರ್ಡ್‌ಗೆ ಹೋಗುವ ಪೈಪು, ಹೊರಗೆ ಬರುವ ಪೈಪು ಎರಡನ್ನೂ ಕೈಯಲ್ಲಿ ಹಿಡಿದು ನೋಡಿ. ನಿಮಿಷಕ್ಕೆ ಒಂದು ಲೀಟರ್ ನೀರು ಹರಿಯುತ್ತಿದ್ದರೆ 320 ವ್ಯಾಟ್‌ಗೆ ನೀರು ಏರುವುದು ನಾಲ್ಕೂವರೆ ಡಿಗ್ರಿ ಚಿಲ್ಲರೆ. ಕೈಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ನನ್ನದರಲ್ಲಿ ಒಂದು ಬೆಚ್ಚಗಿತ್ತು, ಇನ್ನೊಂದು ಸ್ನಾನದ ನೀರಿಗಿಂತ ಬಿಸಿ. ನೀರು ಹರಿಯುತ್ತಿಲ್ಲ, ತೆವಳುತ್ತಿದೆ ಅನ್ನುವುದು ಅಲ್ಲೇ ತಿಳಿಯಿತು.

ಆ ಭಾನುವಾರ ಎಲ್ಲ ಬಿಚ್ಚಿದೆ. ಮೊದಲು ಕಂಪ್ಯೂಟರ್ ಆನ್ ಆಗದೆ ಪಂಪ್ ಒಂದೇ ತಿರುಗುವ ಹಾಗೆ ಪವರ್ ಸಪ್ಲೈಗೆ ಜಂಪರ್ ಅನ್ನುವ ಸಣ್ಣ ವೈರ್ ಹಾಕಿ, ವಾಪಸ್ ಬರುವ ಪೈಪನ್ನು ಒಂದು ಲೀಟರ್ ಬಾಟಲಿಗೆ ಬಿಟ್ಟು, ಮೇಲಿಂದ ರಿಸರ್ವಾಯರ್‌ಗೆ ನೀರು ಹುಯ್ಯುತ್ತಾ ಫೋನಿನಲ್ಲಿ ಟೈಮ್ ನೋಡಿದೆ. ಹುಯ್ಯುವುದು ನಿಲ್ಲಿಸಬಾರದು, ಪಂಪ್ ಒಣಗಿ ತಿರುಗಿದರೆ ಅದರ ಕಥೆ ಮುಗಿಯಿತು. ಬಾಟಲಿ ತುಂಬಲು 3 ನಿಮಿಷ 20 ಸೆಕೆಂಡ್. ನಿಮಿಷಕ್ಕೆ 300 ಎಂಎಲ್! ಕೋಣೆಯ ತುಂಬ ಬಕೆಟ್, ಬಟ್ಟೆ, ಪೈಪು. ಬಾಗಿಲಲ್ಲಿ ನಿಂತ ಅಮ್ಮ, "ಏನೋ ಇದು, ಮೀನಿನ ತೊಟ್ಟಿ ಬಿಚ್ಚಿ ಹರಡ್ಕೊಂಡಿದ್ದೀಯಾ?" ಅಂದರು.

ಬ್ಲಾಕಿನ ಸ್ಕ್ರೂ ತೆಗೆದು ಮುಚ್ಚಳ ಎತ್ತಿದಾಗ ಮೇಣದಂಥ ಬೂದು ಜಿಡ್ಡು ಕಾಣಿಸಿತು. ಚಿಪ್ಪಿನ ನೇರ ಮೇಲೆ ತಾಮ್ರದಲ್ಲಿ ಕೂದಲೆಳೆಯಂಥ ಸಂದುಗಳಿರುತ್ತವೆ, ನೀರು ಅವುಗಳ ನಡುವೆ ನುಗ್ಗಿ ಹೋಗಬೇಕು. ಟೀ ಸೋಸುವ ಜರಡಿಯಲ್ಲಿ ಚರಟ ನಿಂತ ಹಾಗೆ ಅರ್ಧಕ್ಕೂ ಜಾಸ್ತಿ ಸಂದುಗಳು ಮುಚ್ಚಿದ್ದವು. ಪಾಚಿ ಅಂದುಕೊಂಡೆ. ಅಲ್ಲ. ಪಿವಿಸಿ ಹುಟ್ಟಾ ಗಟ್ಟಿ ಪ್ಲಾಸ್ಟಿಕ್, ಅದನ್ನು ಮೆತ್ತಗೆ ಮಾಡಲು ಪ್ಲಾಸ್ಟಿಸೈಸರ್ ಅನ್ನುವ ಎಣ್ಣೆಯಂಥ ರಾಸಾಯನಿಕ ಬೆರೆಸುತ್ತಾರೆ. ಬೆಚ್ಚನೆಯ ನೀರು ವರ್ಷಗಟ್ಟಲೆ ಹರಿದರೆ ಅದು ಮೆಲ್ಲಗೆ ಹೊರಗೆ ಬಂದು ಎಲ್ಲಿ ಸಂದು ಕಿರಿದೋ ಅಲ್ಲಿ ಕೂರುತ್ತದೆ. ಪೈಪುಗಳು ಒಂದು ವರ್ಷದಿಂದ ಮಂಜು ಕವಿದ ಹಾಗೆ ಬೆಳ್ಳಗಾಗಿದ್ದವು. ಬರೀ ವಯಸ್ಸಾಗಿದೆ ಅಂದುಕೊಂಡು ಬಿಟ್ಟಿದ್ದೆ.

ಬಿಸಿ ನೀರು, ಪಾತ್ರೆ ತೊಳೆಯುವ ಸೋಪು, ಮೆತ್ತನೆಯ ಹಲ್ಲುಜ್ಜುವ ಬ್ರಷ್. ಸಂದುಗಳ ಉದ್ದಕ್ಕೇ ಉಜ್ಜಬೇಕು, ಅಡ್ಡಡ್ಡ ಅಲ್ಲ. ಅಕ್ರಿಲಿಕ್ ಮುಚ್ಚಳಕ್ಕೆ ಸ್ಪಿರಿಟ್ ತಾಗಿಸಲೇಬೇಡಿ, ಸೀಳು ಬಿಡುತ್ತದೆ. ವಿನೆಗರ್ ಹಾಕಿ ನೆನೆಸಿಡಿ ಅಂತ ಹೇಳುವವರು ಇದ್ದಾರೆ, ನಿಕಲ್ ಲೇಪ ಎದ್ದೀತು ಅಂತ ನಾನು ಆ ಸಾಹಸ ಮಾಡಲಿಲ್ಲ. ರಬ್ಬರ್ ರಿಂಗನ್ನು ಅದರ ಜಾಗದಲ್ಲಿ ಸರಿಯಾಗಿ ಕೂರಿಸಲು ಬರೋಬ್ಬರಿ ಅರ್ಧ ಗಂಟೆ ಬೇಕಾಯಿತು.

ಇಷ್ಟಕ್ಕೇ ಮುಗಿಯಿತು ಅಂದುಕೊಂಡಿದ್ದೆ. ಮುಗಿದಿರಲಿಲ್ಲ. ಮೆಮೊರಿ ಚಿಪ್‌ಗಳ ಶಾಖವನ್ನು ಬ್ಲಾಕಿಗೆ ದಾಟಿಸುವ ಮೆತ್ತನೆಯ ಥರ್ಮಲ್ ಪ್ಯಾಡ್‌ಗಳು ಹರಿದಿದ್ದವು ಅಂತ ಹೊಸದು ತಂದೆ. ಬೇಕಾಗಿದ್ದುದು 1 ಎಂಎಂ, ಅಂಗಡಿಯಲ್ಲಿ ಇದ್ದುದು 1.5 ಎಂಎಂ. ಅರ್ಧ ಮಿಲಿಮೀಟರ್ ತಾನೇ, ಒತ್ತಿಕೊಳ್ಳುತ್ತೆ ಬಿಡು ಅಂದುಕೊಂಡೆ. ಕಾರ್ಡ್ 66ಕ್ಕೆ ಇಳಿಯಿತು, ಆದರೆ ಹಾಟ್‌ಸ್ಪಾಟ್ 101! ದಪ್ಪ ಪ್ಯಾಡ್‌ಗಳು ಬ್ಲಾಕನ್ನು ಎತ್ತಿ ಹಿಡಿದಿದ್ದರಿಂದ ತಾಮ್ರ ಚಿಪ್ಪಿನ ಮೇಲೆ ಸಮನಾಗಿ ಕೂತಿರಲಿಲ್ಲ. ನನ್ನ ಅನುಭವದಲ್ಲಿ ಕಾರ್ಡ್ ಮತ್ತು ಹಾಟ್‌ಸ್ಪಾಟ್ ನಡುವೆ 10ರಿಂದ 15 ಡಿಗ್ರಿ ಇದ್ದರೆ ನೆಮ್ಮದಿ. 30 ದಾಟಿದರೆ ಬ್ಲಾಕ್ ಸರಿಯಾಗಿ ಕೂತಿಲ್ಲ ಅಂತಲೇ ಅನುಮಾನ ಪಡಿ. ಮತ್ತೆ ನೀರು ಖಾಲಿ ಮಾಡಿ, ಮತ್ತೆ ಬಿಚ್ಚಿ, ಸರಿಯಾದ ಪ್ಯಾಡ್ ಬರುವವರೆಗೆ ಐದು ದಿನ ಕಾದೆ. ಒಬ್ಬ ಕ್ಲೈಂಟ್ ಕೈಯಲ್ಲಿ ಚೆನ್ನಾಗಿ ಅನ್ನಿಸಿಕೊಂಡೆ.

ಪಾರದರ್ಶಕ ಪೈಪು ಕಿತ್ತು ಕಪ್ಪು ಇಪಿಡಿಎಂ ರಬ್ಬರ್ ಪೈಪು ಹಾಕಿದೆ. ಅದರಲ್ಲಿ ಪ್ಲಾಸ್ಟಿಸೈಸರ್ ಗೋಳು ಇಲ್ಲ. ನೋಡಲು ಗ್ಯಾಸ್ ಸಿಲಿಂಡರ್ ಪೈಪಿನ ಹಾಗಿದೆ, ಫೋಟೋ ತೆಗೆಯುವವರು ಈಗ ಯಾರೂ ಇಲ್ಲ. ಬಣ್ಣದ ನೀರನ್ನೂ ಬಿಟ್ಟೆ. ಡಿಸ್ಟಿಲ್ಡ್ ವಾಟರ್‌ಗೆ ತುಕ್ಕು ಮತ್ತು ಪಾಚಿ ತಡೆಯುವ ಕಾನ್ಸನ್‌ಟ್ರೇಟ್ ಬೆರೆಸಿ ಹಾಕಿದ್ದೇನೆ. ನಲ್ಲಿ ನೀರಂತೂ ಬೇಡವೇ ಬೇಡ. ನಮ್ಮ ಬೋರ್‌ವೆಲ್ ನೀರು ಗೀಸರ್‌ಗೆ ಮಾಡುವುದನ್ನೇ ಬ್ಲಾಕಿಗೂ ಮಾಡುತ್ತದೆ. ರಾತ್ರಿಯಿಡೀ ಪ್ರತಿ ಜಾಯಿಂಟಿನ ಕೆಳಗೆ ಟಿಶ್ಯೂ ಪೇಪರ್ ಇಟ್ಟು ಬರೀ ಪಂಪ್ ಓಡಿಸಿ, ಒಂದೂ ಒದ್ದೆಯಾಗಿಲ್ಲ ಅಂತ ನೋಡಿದ ಮೇಲೆ ಕಂಪ್ಯೂಟರ್ ಆನ್ ಮಾಡಿದ್ದು.

ಬಾಟಲಿ ಈಗ 52 ಸೆಕೆಂಡಿಗೆ ತುಂಬುತ್ತದೆ, ಪಂಪ್ ಸ್ಪೀಡ್ ಅದೇ. ಒಂದು ವರ್ಷ ಕಳೆದು, 2025ರ ಏಪ್ರಿಲ್‌ನಲ್ಲಿ ಕೋಣೆ 30 ಇದ್ದಾಗ ನೀರು 39, ಕಾರ್ಡ್ 52, ಹಾಟ್‌ಸ್ಪಾಟ್ 65, ಮೆಮೊರಿ 78.

ಬ್ಲಾಕಿಗೆ ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ. ಕೆಲಸ ಗಟ್ಟಿ, ಲೇಪ ಇವತ್ತಿಗೂ ಹಾಗೇ ಇದೆ. ಒಂದು ಕಳೆದದ್ದು ಅದರ ಮ್ಯಾನುಯಲ್‌ಗೆ, ಯಾವ ಪೈಪು ಹಾಕಬೇಕು, ಎಷ್ಟು ದಿನಕ್ಕೆ ಬಿಚ್ಚಿ ತೊಳೆಯಬೇಕು ಅಂತ ಒಂದು ಸಾಲೂ ಇಲ್ಲ. ಪಂಪ್‌ಗೆ ಐದು. ಪೈಪಿಗೆ ಒಂದೇ, ಅದೂ ಚೆಂದಕ್ಕೆ. ಇಡೀ ವ್ಯವಸ್ಥೆಗೆ ಮೂರೂವರೆ, ಯಾಕೆಂದರೆ ಇದು ಕೊಂಡು ಮರೆಯುವ ವಸ್ತುವಲ್ಲ. ಗೇಮ್ ಆಡಲು ಮಾತ್ರ ಕಂಪ್ಯೂಟರ್ ಬೇಕಾದವರು ಒಳ್ಳೆಯ ಏರ್ ಕೂಲರ್ ಇರುವ ಕಾರ್ಡ್ ತಗೊಂಡು ಆರಾಮಾಗಿರಿ. ನನ್ನ ಹಾಗೆ ರಾತ್ರಿಯಿಡೀ ಓಡಿಸಿ ಅದರ ಪಕ್ಕದಲ್ಲೇ ಮಲಗುವವರು ಹಾಕಿಸಿಕೊಳ್ಳಬಹುದು, ಮೊದಲ ದಿನವೇ ಸೆನ್ಸರ್ ಸಮೇತ.

ಅಕ್ಟೋಬರ್‌ನಲ್ಲಿ ನೀರು ಬದಲಾಯಿಸಬೇಕು. ಬಚ್ಚಲುಮನೆಯ ದೊಡ್ಡ ಬಕೆಟ್ ಒಂದು ದಿನ ನನಗೆ ಬೇಕು ಅಂತ ಅಮ್ಮನಿಗೆ ಈಗಲೇ ಹೇಳಿಟ್ಟಿದ್ದೇನೆ.