2 ಟಿಬಿ ಎಂದು ತೋರಿಸಿತು, ಒಳಗಿದ್ದದ್ದು 64 ಜಿಬಿ: ಎಸ್‌ಎಸ್‌ಡಿ ಕೊಳ್ಳುವ ಮುಂಚೆ ಇದನ್ನೊಮ್ಮೆ ಓದಿ

ಇದನ್ನು ಬರೆಯೋಕೆ ನನಗೆ ನಾಚಿಕೆ ಆಗ್ತಿದೆ, ಮೊದಲೇ ಹೇಳಿಬಿಡ್ತೀನಿ. ಮನೆಯಲ್ಲಾಗಲಿ ಆಫೀಸಲ್ಲಾಗಲಿ ಯಾರು ಏನು ಕೊಳ್ಳೋದಿದ್ದರೂ ಮೊದಲು ಕೇಳೋದು ನನ್ನನ್ನೇ. ಯಾವ ಫೋನು, ಯಾವ ರೂಟರ್ರು, ಚಾರ್ಜರ್ ಎಷ್ಟು ವ್ಯಾಟಿನದ್ದಿರಬೇಕು, ಎಲ್ಲಕ್ಕೂ ನನ್ನ ಹತ್ತಿರ ಒಂದು ಅಭಿಪ್ರಾಯ ಇರುತ್ತೆ. ಕೇಳದಿದ್ದರೂ ಕೊಡ್ತೀನಿ. 2022ರಲ್ಲಿ 30 ಟಿಬಿ ಎಸ್‌ಎಸ್‌ಡಿ ಅಂತ ಮಾರುತ್ತಿದ್ದ ಡಬ್ಬಿಯೊಂದನ್ನು ಯಾರೋ ಬಿಚ್ಚಿ, ಒಳಗೆ ಅಂಟು ಹಾಕಿ ಕೂರಿಸಿದ್ದ ಎರಡು ಮೈಕ್ರೋ ಎಸ್‌ಡಿ ಕಾರ್ಡುಗಳ ಫೋಟೋ ಹಾಕಿದ್ದರು, ನೆನಪಿದೆಯಾ? ಅದನ್ನು ಹತ್ತು ಜನಕ್ಕೆ ಕಳಿಸಿ "ಇದಕ್ಕೂ ಮೋಸ ಹೋಗೋರು ಇದ್ದಾರಾ ಗುರುವೇ" ಅಂತ ನಕ್ಕಿದ್ದೆ.

ಇದ್ದಾರೆ. ನಾನೇ.

ನನ್ನ ಹತ್ತಿರ 1 ಟಿಬಿಯ, ಅಂದರೆ ಸಾವಿರ ಜಿಬಿಯ, ಹಳೇ ಹಾರ್ಡ್ ಡಿಸ್ಕ್ ಇತ್ತು. ಅದರಲ್ಲಿ ಸುಮಾರು 600 ಜಿಬಿ ಫೋಟೋ, ವಿಡಿಯೋ. ನನ್ನವಷ್ಟೇ ಆಗಿದ್ದರೆ ಹಾಳಾಗಿ ಹೋಗಲಿ ಅನ್ನಬಹುದಿತ್ತು, ಅಕ್ಕನ ಮನೆಯವೂ ಇದ್ದವು. "ನಿನ್ನ ಹತ್ರ ಇದ್ರೆ ಸೇಫ್ ಕಣೋ" ಅಂತ ಅವಳೇ ಫೋನಿಂದ ಎಲ್ಲ ಹಾಕಿಸಿ, ತನ್ನ ಫೋನು ಖಾಲಿ ಮಾಡಿಕೊಂಡಿದ್ದಳು. ಡಿಸ್ಕ್ ಹಳತಾಯ್ತು, ನಿಧಾನ ಅಂತ 2 ಟಿಬಿಯ ಪೋರ್ಟಬಲ್ ಎಸ್‌ಎಸ್‌ಡಿ, ಅಂದರೆ ತಿರುಗೋ ತಟ್ಟೆಯ ಬದಲು ಚಿಪ್ಪಿನಲ್ಲೇ ಎಲ್ಲ ಇಡೋ ವೇಗದ ಡ್ರೈವು, ತಗೊಳ್ಳೋಣ ಅಂದುಕೊಂಡೆ.

ಈಗ ನೀವು ಕೇಳಬಹುದು, ಪುಗಸಟ್ಟೆ ಸಿಗುತ್ತೆ ಅಂತ ಬಿದ್ದೆಯಾ ಅಂತ. ಇಲ್ಲ ಸ್ವಾಮಿ, ಅದೇ ವಿಷಯ. 16 ಟಿಬಿ ಅಂತ ಬರೆದು ಕಾಲು ಬೆಲೆಗೆ ಹಾಕಿದ್ದರೆ ನಾನು ಹತ್ತಿರಕ್ಕೂ ಹೋಗುತ್ತಿರಲಿಲ್ಲ. ಇವರು ಅಳತೆ ನೋಡಿ ಬಲೆ ಹೆಣೆದಿದ್ದರು. 2 ಟಿಬಿ ಅನ್ನೋದು ನಂಬುವಂಥ ಸಂಖ್ಯೆ, ಬೆಲೆ ಬೇರೆಯವರದ್ದರ ಮುಕ್ಕಾಲು ಪಾಲು. ನಾಲ್ಕೂವರೆ ಸ್ಟಾರ್, ಸಾವಿರಾರು ವಿಮರ್ಶೆ. ಆ ವಿಮರ್ಶೆಗಳನ್ನು ಓದಿದ್ದೆನಾ? ಇಲ್ಲ. ಸ್ಟಾರ್ ಎಣಿಸಿದೆ ಅಷ್ಟೆ. ಆಮೇಲೆ ಕೂತು ಓದಿದರೆ ಮೂರನೇ ಪುಟದಿಂದ ಎಲ್ಲರೂ "ಹಿಡಿ ಗಟ್ಟಿ ಇದೆ, ತಲೆಗಳು ಬದಲಾಯಿಸೋದು ಸುಲಭ" ಅಂತ ಹೊಗಳುತ್ತಿದ್ದಾರೆ. ಸ್ಕ್ರೂಡ್ರೈವರ್ ಸೆಟ್ಟು! ಯಾವುದೋ ಕಾಲದಲ್ಲಿ ಸ್ಕ್ರೂಡ್ರೈವರ್ ಮಾರಿದ ಪುಟಕ್ಕೇ ಎಸ್‌ಎಸ್‌ಡಿಯ ಫೋಟೋ ಅಂಟಿಸಿದ್ದಾರೆ, ಸ್ಟಾರುಗಳು ಹಾಗೇ ಉಳಿದುಕೊಂಡಿವೆ.

ಡಬ್ಬಿ ಬಂತು. ಅಲ್ಯುಮಿನಿಯಂ ಮೈ, ಕೈಯಲ್ಲಿ ಹಿಡಿದರೆ ತೂಕ. ಕೇಬಲ್ಲಿನ ತುದಿ ನೀಲಿ. ಯುಎಸ್‌ಬಿ 3 ಅಂದರೆ ಒಳಗೆ ನೀಲಿ ಪ್ಲಾಸ್ಟಿಕ್ ಇರುತ್ತಲ್ಲ, ನಾನೇ ಎಷ್ಟೋ ಜನಕ್ಕೆ ಹಾಗೆ ಗುರುತು ಹೇಳಿಕೊಟ್ಟಿದ್ದೀನಿ. ಪ್ಲಾಸ್ಟಿಕ್ಕಿಗೆ ನೀಲಿ ಬಣ್ಣ ಹಾಕೋಕೆ ಎಷ್ಟು ಖರ್ಚಾಗುತ್ತೆ ಅಂತ ಒಂದು ಸಲವೂ ಯೋಚಿಸಿರಲಿಲ್ಲ. ಚುಚ್ಚಿದೆ, ಟರ್ಮಿನಲ್ ತೆರೆದು ನೋಡಿದೆ, 1.8 ಟಿ ಅಂತ ಬಂತು. ಕಂಪನಿಯವರು 1000ದ ಲೆಕ್ಕದಲ್ಲಿ 2 ಟಿಬಿ ಅಂದದ್ದು ಕಂಪ್ಯೂಟರಿನ 1024ರ ಲೆಕ್ಕದಲ್ಲಿ ಸುಮಾರು 1.8ಕ್ಕೇ ಇಳಿಯಬೇಕು. ಲೆಕ್ಕ ಸರಿಹೋಯ್ತು ಅಂತ ಖುಷಿಪಟ್ಟೆ.

ಇಲ್ಲೇ ಸ್ವಲ್ಪ ನಿಲ್ಲಿ. ಗೊತ್ತಿದ್ದೂ ನಾನು ಮರೆತದ್ದು ಇದನ್ನೇ. ಡ್ರೈವಿನ ಗಾತ್ರವನ್ನು ಕಂಪ್ಯೂಟರ್ ಅಳೆಯಲ್ಲ. ಕೇಳುತ್ತೆ. "ನೀನೆಷ್ಟು ದೊಡ್ಡವನು?" ಅಂತ ಒಳಗಿನ ಕಂಟ್ರೋಲರ್ ಚಿಪ್ಪನ್ನು ಕೇಳುತ್ತೆ, ಅದು ಹೇಳಿದ್ದನ್ನು ನಂಬುತ್ತೆ. ಆ ಚಿಪ್ಪಿಗೆ ಸುಳ್ಳು ಹೇಳೋಕೆ ಕಲಿಸಿದ್ದರೆ ಮುಗೀತು, ಪರದೆ ಮೇಲೆ ಬರೋದು ಆ ಸುಳ್ಳೇ.

ಕಾಪಿ ಹಾಕಿದೆ. ವೇಗ ಸೆಕೆಂಡಿಗೆ 30 ಎಂಬಿ ಸುಮಾರು. ಯುಎಸ್‌ಬಿ 3ರ ಎಸ್‌ಎಸ್‌ಡಿ ಆಗಿದ್ದರೆ ಅದರ ಹತ್ತುಪಟ್ಟು ಬರಬೇಕು. ನನಗೆ ಗೊತ್ತಿತ್ತು. ಗೊತ್ತಿದ್ದೂ ಏನಂದುಕೊಂಡೆ ಹೇಳಿ? "ಕೇಬಲ್ ಸರಿ ಇಲ್ಲ, ನಾಳೆ ಬೇರೆ ಹಾಕೋಣ." ಹಾಕಿ ಮಲಗಿದೆ. ಬೆಳಗ್ಗೆ ಎದ್ದರೆ ಎಲ್ಲ ಕಾಪಿಯಾಗಿದೆ, ಒಂದೇ ಒಂದು ಎರರ್ ಇಲ್ಲ. ಕೊನೇ ಫೋಲ್ಡರಿನ ನಾಲ್ಕೈದು ಫೋಟೋ ತೆಗೆದು ನೋಡಿದೆ, ತೆರೆದವು. ಸರಿ ಅಂತ ಸಂಜೆ ಹಳೇ ಡಿಸ್ಕನ್ನು ಫಾರ್ಮ್ಯಾಟ್ ಮಾಡಿಬಿಟ್ಟೆ. ಚಿಕ್ಕಪ್ಪನ ಮಗನಿಗೆ ಕೊಡ್ತೀನಿ ಅಂದಿದ್ದೆ.

ಆ ನಾಲ್ಕೈದು ಫೋಟೋ ಹೇಗೆ ತೆರೆದವು ಅಂತ ಆಮೇಲೆ ಎರಡು ದಿನ ತಲೆ ಕೆಡಿಸಿಕೊಂಡೆ. ತೆರೆದಿದ್ದು ಡ್ರೈವಿನಿಂದ ಅಲ್ಲ. ಈಗಷ್ಟೇ ಕಾಪಿಯಾದ ಫೈಲುಗಳು ಕಂಪ್ಯೂಟರಿನ ರ‍್ಯಾಮಿನಲ್ಲಿ, ಕ್ಯಾಶ್‌ನಲ್ಲಿ ತಾತ್ಕಾಲಿಕ ಪ್ರತಿಯಾಗಿ ಇನ್ನೂ ಕೂತಿದ್ದವು. ನಾನು ನೋಡಿದ್ದು ಅವನ್ನು. ಒಮ್ಮೆ ಕಿತ್ತು ಮತ್ತೆ ಚುಚ್ಚಿ ನೋಡಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ಒಂದು ಸಲ ಕಿತ್ತು ಚುಚ್ಚೋದು, ಅಷ್ಟೆ. ಅಷ್ಟನ್ನೂ ಮಾಡಲಿಲ್ಲ.

ಎಂಟನೇ ದಿನ ಅಕ್ಕ ಬಂದಳು. ಮಗಳು ಮೊದಲ ಸಲ ಹೆಜ್ಜೆ ಇಟ್ಟ ವಿಡಿಯೋ ಬೇಕು, ಯಾರಿಗೋ ತೋರಿಸಬೇಕು ಅಂದಳು. ಚುಚ್ಚಿದೆ. ಫೋಲ್ಡರ್ ಇದೆ, ಫೈಲಿದೆ, ಹೆಸರು ಸರಿ ಇದೆ, ಗಾತ್ರ ಸರಿ ಇದೆ. ಒತ್ತಿದರೆ ಪ್ಲೇಯರ್ ಒಂದು ಕ್ಷಣ ತೆರೆದು ಮುಚ್ಚಿಕೊಳ್ತು. ನಾನು ಅಕ್ಕನಿಗೆ ಏನಂದೆ ಗೊತ್ತಾ? "ನಿನ್ನ ಫೋನಿನ ಫಾರ್ಮ್ಯಾಟೇ ಸರಿ ಇಲ್ಲ, ಅದಕ್ಕೆ ಕೋಡೆಕ್ ಬೇಕು." ಎಂಥಾ ಧೈರ್ಯ ನನಗೆ! ಇನ್ನೊಂದು ಒತ್ತಿದೆ. ಮತ್ತೊಂದು. ಫೋಟೋಗಳಿಗೆ ಹೋದೆ, ಎಲ್ಲ ಬೂದು ಚೌಕ. ಫೈಲಿನೊಳಗೆ ಇರೋದನ್ನು ಹಾಗೇ ಅಂಕಿಗಳಲ್ಲಿ ತೋರಿಸೋ ಹೆಕ್ಸ್ ಎಡಿಟರಿನಲ್ಲಿ ಆ ವಿಡಿಯೋವನ್ನು ತೆರೆದೆ. ಸೊನ್ನೆ ಸೊನ್ನೆ, ಸೊನ್ನೆ ಸೊನ್ನೆ, ಸೊನ್ನೆ ಸೊನ್ನೆ. ಕೆಳಕ್ಕೆ ಎಳೆದೆ, ಸೊನ್ನೆ. ಇನ್ನೂ ಕೆಳಕ್ಕೆ, ಸೊನ್ನೆ. ಅಕ್ಕ ಹಿಂದೆ ನಿಂತು "ಇದೇನೋ ಇದು, ಬರೀ ಸೊನ್ನೆ?" ಅಂದಳು. ನನ್ನ ಬಾಯಿಂದ ಮಾತು ಹೊರಡಲಿಲ್ಲ.

ಆಮೇಲೆ ಮಾಡಿದ್ದೆಲ್ಲ ಮೊದಲೇ ಮಾಡಬೇಕಾಗಿದ್ದ ಕೆಲಸ. ಎಫ್3 ಅಂತ ಒಂದು ಉಚಿತ ಸಾಧನ ಇದೆ, ನಕಲಿ ಫ್ಲ್ಯಾಶ್ (ಪೆನ್‌ಡ್ರೈವ್, ಕಾರ್ಡ್ ಥರದ್ದು) ಹಿಡಿಯೋಕೇ ಬರೆದದ್ದು. ಅದರಲ್ಲಿ ಪ್ರೋಬ್ ಅನ್ನೋ ಕಮ್ಯಾಂಡ್ ಓಡಿಸಿದೆ. ಇಡೀ ಡ್ರೈವ್ ತುಂಬಿಸಬೇಕಾಗಿಲ್ಲ, ಅಲ್ಲಲ್ಲಿ ಬರೆದು ಓದಿ ಹೇಳಿಬಿಡುತ್ತೆ. ಫಲಿತಾಂಶ: ಈ ಸಾಧನ ನಕಲಿ, ಬಗೆ 'ಲಿಂಬೊ'. ಲಿಂಬೊ ಅಂದರೆ ನಿಜವಾದ ಜಾಗ ಮುಗಿದ ಮೇಲೆ ಬರೆದದ್ದನ್ನೆಲ್ಲ "ಆಯ್ತು, ಆಯ್ತು" ಅಂತ ತಗೊಂಡು ಗಾಳಿಗೆ ತೂರೋ ಜಾತಿ. ಸುತ್ತಿ ಬಂದು ಹಳೆಯದರ ಮೇಲೇ ಬರೆಯೋದು ಇನ್ನೊಂದು ಜಾತಿ. ನನ್ನದರಲ್ಲಿ ನಿಜವಾಗಿ ಉಳಿಯೋದು 64 ಜಿಬಿ. ನಾನು ಹಾಕಿದ 600ರಲ್ಲಿ ಹತ್ತನೇ ಒಂದು ಪಾಲು. ಯುಎಸ್‌ಬಿ ಪಟ್ಟಿ ತೆಗೆಸಿ ನೋಡಿದರೆ 480 ಎಂ (ಸೆಕೆಂಡಿಗೆ 480 ಮೆಗಾಬಿಟ್) ಅಂತ ಬರೆದಿದೆ, ಅಂದರೆ ಯುಎಸ್‌ಬಿ 2.0. 2000ನೇ ಇಸವಿಯ ಗುಣಮಟ್ಟ, ತುದಿಗೆ ನೀಲಿ ಬಣ್ಣ.

ಈಗ ಮಾರಾಟಗಾರರ ಉತ್ತರಗಳಿಗೆ ಬರ್ತೀನಿ. ವಾಪಸ್ ಮಾಡೋಕೆ ಹತ್ತು ದಿನದ ಗಡುವು, ನಾನು ದೂರು ಕೊಟ್ಟದ್ದು ಎಂಟನೇ ದಿನವೇ. ವಾಪಸ್ ಬಟನ್ ಒತ್ತಿದರೆ "ಮೊದಲು ಮಾರಾಟಗಾರರನ್ನು ಸಂಪರ್ಕಿಸಿ" ಅಂತ ಬಂತು. ಸಂಪರ್ಕಿಸಿದೆ. ಮೊದಲ ಉತ್ತರ:

"ಪ್ರಿಯ ಗ್ರಾಹಕರೇ, ಆದ ಅನನುಕೂಲಕ್ಕೆ ವಿಷಾದಿಸುತ್ತೇವೆ. ದಯವಿಟ್ಟು ಬೇರೆ ಕೇಬಲ್ ಬಳಸಿ ನೋಡಿ."

ಕೇಬಲ್ಲು. ನನ್ನದೇ ನೆಪವನ್ನು ನನಗೇ ಕೊಟ್ಟರು. ಬೇರೆ ಕೇಬಲ್ಲಿನಲ್ಲೂ ನೋಡಿ, ಎಫ್3ರ ಫಲಿತಾಂಶದ ಚಿತ್ರ ಕಳಿಸಿದೆ. ಅರ್ಧ ದಿನ ಬಿಟ್ಟು:

"ಸರ್, 2 ಟಿಬಿ ಡ್ರೈವ್ ಕಂಪ್ಯೂಟರಿನಲ್ಲಿ 1.81 ತೋರಿಸುವುದು ಸಹಜ. ಕಂಪ್ಯೂಟರ್ 1024ರ ಲೆಕ್ಕ ಹಿಡಿಯುತ್ತದೆ. ಇದು ದೋಷವಲ್ಲ."

ನನಗೆ! ಇದನ್ನು ನನಗೆ ಹೇಳಿದರು! ಹದಿನೈದು ವರ್ಷದಿಂದ ನೆಂಟರಿಷ್ಟರಿಗೆಲ್ಲ ನಾನು ಮಾಡ್ತಾ ಬಂದಿರೋ ಪಾಠ ಇದು. ಉಗುಳು ನುಂಗಿಕೊಂಡು ಮತ್ತೆ ಬರೆದೆ: ಸಮಸ್ಯೆ 1.81 ಅಲ್ಲ, ಒಳಗೆ 64 ಜಿಬಿ ಮಾತ್ರ ಇದೆ. ಮರುದಿನ:

"ಸರ್, ನೀವು ಲಿನಕ್ಸ್ ಬಳಸುತ್ತಿದ್ದೀರಿ. ನಮ್ಮ ಉತ್ಪನ್ನ ಲಿನಕ್ಸಿಗೆ ಅಲ್ಲ."

ನನ್ನ ಕಂಪ್ಯೂಟರಿನಲ್ಲಿರೋದು ವಿಂಡೋಸ್ ಅಲ್ಲ, ಲಿನಕ್ಸ್, ನಿಜ. ಸರಿ ಅಂತ ಆಫೀಸಿನ ವಿಂಡೋಸ್ ಕಂಪ್ಯೂಟರಿಗೆ ಹಾಕಿ ವ್ಯಾಲಿಡ್ರೈವ್‌ನಲ್ಲಿ ಪರೀಕ್ಷೆ ಮಾಡಿದೆ. ಅದು ಡ್ರೈವಿನ ಉದ್ದಕ್ಕೂ ಅಲ್ಲಲ್ಲಿ ಮಾದರಿ ನೋಡಿ ಚೌಕಗಳಲ್ಲಿ ಬಣ್ಣ ತುಂಬುತ್ತೆ. ಆರಂಭದ ಸ್ವಲ್ಪ ಹಸಿರು, ಮಿಕ್ಕಿದ್ದೆಲ್ಲ ಕೆಂಪು. ಆ ಚಿತ್ರ ಕಳಿಸಿದ್ದಕ್ಕೆ:

"ಸರ್, ಮೂರನೇ ವ್ಯಕ್ತಿಯ ಸಾಫ್ಟ್‌ವೇರ್ ಬಳಸಿದ್ದರಿಂದ ಡ್ರೈವ್ ಹಾಳಾಗಿದೆ. ವಾರಂಟಿ ಅನ್ವಯಿಸುವುದಿಲ್ಲ. ಆದರೂ ನಿಮ್ಮ ತೃಪ್ತಿಗಾಗಿ 15% ಹಣ ಮರಳಿಸುತ್ತೇವೆ, ವಸ್ತು ನೀವೇ ಇಟ್ಟುಕೊಳ್ಳಿ. ದಯವಿಟ್ಟು ಕೆಟ್ಟ ವಿಮರ್ಶೆ ಹಾಕಬೇಡಿ."

ವಸ್ತು ನೀವೇ ಇಟ್ಟುಕೊಳ್ಳಿ. ಏನು ಔದಾರ್ಯ! ಈ ಉತ್ತರ ಬಂದದ್ದು ಹತ್ತನೇ ದಿನ ರಾತ್ರಿ. ನಾನು "ಬೇಡ, ಪೂರ್ತಿ ಹಣ ಬೇಕು" ಅಂತ ಬರೆದೆ. ಹನ್ನೊಂದನೇ ದಿನ ಬೆಳಗ್ಗೆ:

"ಸರ್, ವಾಪಸಾತಿ ಅವಧಿ ಮುಗಿದಿದೆ."

ಈಗ ಹಿಂದಕ್ಕೆ ತಿರುಗಿ ನೋಡಿದರೆ ಎಲ್ಲ ಕಣ್ಣಿಗೆ ಹೊಡೆದ ಹಾಗೆ ಕಾಣುತ್ತೆ. ಕೇಬಲ್ಲು, 1.81, ಲಿನಕ್ಸು, ವಾರಂಟಿ, ಯಾವುದೂ ಉತ್ತರ ಅಲ್ಲ. ಒಂದೊಂದೂ ಅರ್ಧ ದಿನ ನುಂಗೋಕೆ ಹಾಕಿದ್ದು. ಅಷ್ಟು ಹೊತ್ತೂ ನಾನು ಅವರಿಗೆ ತಾಂತ್ರಿಕವಾಗಿ ಅರ್ಥ ಮಾಡಿಸ್ತಾ ಕೂತಿದ್ದೆ! ಅವರಿಗೆ ಅರ್ಥವಾಗದೆ ಇದ್ದದ್ದು ಏನೂ ಇರಲಿಲ್ಲ.

ಸಿಟ್ಟಿನಲ್ಲಿ ಇನ್ನೊಂದು ದಡ್ಡ ಕೆಲಸ ಮಾಡಿದೆ, ಡಬ್ಬಿ ಬಿಚ್ಚಿದೆ. ಸ್ಕ್ರೂಡ್ರೈವರಿನಿಂದಲೇ, ನಗಬೇಡಿ. ಒಳಗೆ ಉಗುರಿನಷ್ಟು ಮೈಕ್ರೋ ಎಸ್‌ಡಿ ಕಾರ್ಡು, ಅದನ್ನು ಓದೋಕೆ ಒಂದು ಪುಟ್ಟ ಬೋರ್ಡು, ಸುತ್ತ ಹಳದಿ ಬಿಸಿ ಅಂಟು. ಪಕ್ಕದಲ್ಲಿ ಒಂದು ಕಬ್ಬಿಣದ ತುಂಡು, ಸುಮ್ಮನೆ ತೂಕಕ್ಕೆ. ಕೈಯಲ್ಲಿ ಹಿಡಿದಾಗ "ಗಟ್ಟಿ ಮಾಲು" ಅನ್ನಿಸಿತ್ತಲ್ಲ, ಅದು ಇದು. ಫೋಟೋ ತೆಗೆದು ಶಾಪಿಂಗ್ ಸೈಟಿನವರಿಗೆ ನೇರ ದೂರು ಕೊಟ್ಟರೆ, "ನಿಮ್ಮ ಸಮಸ್ಯೆ ನಮಗೆ ಅರ್ಥವಾಗುತ್ತದೆ ಸರ್, ಆದರೆ ಉತ್ಪನ್ನವನ್ನು ಬಿಚ್ಚಿರುವುದು ಚಿತ್ರದಲ್ಲಿ ಕಾಣುತ್ತಿದೆ" ಅಂದರು. ನನ್ನ ಸಾಕ್ಷಿಯೇ ನನಗೆ ತಿರುಗಿಬಿತ್ತು. ಹಣ ಕೈಗೆ ಬರೋ ತನಕ ಒಂದು ಸ್ಕ್ರೂ ಕೂಡ ಮುಟ್ಟಬೇಡಿ, ಎಷ್ಟೇ ಸಿಟ್ಟು ಬಂದರೂ. ದುಡ್ಡು ಕಟ್ಟಿದ ಕಾರ್ಡಿನ ಬ್ಯಾಂಕಿನವರಿಗೆ ತಕರಾರು ಅರ್ಜಿ ಹಾಕಿದ್ದೀನಿ, ಇನ್ನೂ ಪರಿಶೀಲನೆಯಲ್ಲಿದೆಯಂತೆ. ಚಾಟ್ ಮಾಡೋ ಬದಲು ಎಂಟನೇ ದಿನವೇ ಅದನ್ನು ಮಾಡಬೇಕಿತ್ತು.

ಹಳೇ ಡಿಸ್ಕನ್ನು ಇನ್ನೂ ಚಿಕ್ಕಪ್ಪನ ಮಗನಿಗೆ ಕೊಟ್ಟಿರಲಿಲ್ಲ, ನನ್ನ ಪುಣ್ಯ. ಅದೂ ಎಸ್‌ಎಸ್‌ಡಿ ಆಗಿದ್ದು ಟ್ರಿಮ್ (ಅಳಿಸಿದ ಜಾಗವನ್ನು ಎಸ್‌ಎಸ್‌ಡಿ ತಾನೇ ಖಾಲಿ ಮಾಡಿಕೊಳ್ಳೋದು) ನಡೆದಿದ್ದರೆ ಅಳಿಸಿದ್ದೆಲ್ಲ ಹೋಗಿಯೇ ಬಿಡುತ್ತಿತ್ತು. ಹಳೇ ಕಾಲದ ತಿರುಗೋ ಡಿಸ್ಕ್ ಆಗಿದ್ದರಿಂದ, ಫೈಲುಗಳ ಪಟ್ಟಿಯನ್ನಷ್ಟೇ ಅಳಿಸೋ ಕ್ವಿಕ್ ಫಾರ್ಮ್ಯಾಟ್ ಮಾತ್ರ ಮಾಡಿದ್ದರಿಂದ, ಅಳಿಸಿದ ಫೈಲು ಹುಡುಕಿ ಕೊಡೋ ಫೋಟೋರೆಕ್ ಓಡಿಸಿ ಬಹಳಷ್ಟು ಫೋಟೋ ತೆಗೆದೆ. ಆದರೆ ಹೆಸರಿಲ್ಲ, ಫೋಲ್ಡರಿಲ್ಲ. ಎಲ್ಲಕ್ಕೂ ಮೊದಲಿಗೆ 'ಎಫ್', ಆಮೇಲೆ ಒಂದು ಉದ್ದದ ಸಂಖ್ಯೆ. ಹತ್ತಾರು ಸಾವಿರ ಫೈಲು. ಡಿಸ್ಕಿನಲ್ಲಿ ತುಂಡು ತುಂಡಾಗಿ ಚದುರಿದ್ದ ದೊಡ್ಡ ವಿಡಿಯೋಗಳು ಅರ್ಧಕ್ಕೇ ನಿಲ್ತಾವೆ. ಮಗು ಹೆಜ್ಜೆ ಇಟ್ಟ ವಿಡಿಯೋ ಮೊದಲ ಹನ್ನೊಂದು ಸೆಕೆಂಡ್ ಸಿಕ್ಕಿದೆ. ಅಷ್ಟರಲ್ಲಿ ಮಗು ಗೋಡೆ ಹಿಡಿದು ನಿಂತಿರುತ್ತೆ. ಹೆಜ್ಜೆ ಅದರ ಮುಂದೆ ಇತ್ತು.

ನಿಮಗೆ ಹೇಳೋದಿಷ್ಟೆ. ಪೆನ್‌ಡ್ರೈವ್, ಕಾರ್ಡ್, ಎಸ್‌ಎಸ್‌ಡಿ ಯಾವುದೇ ಬರಲಿ, ಬಂದ ದಿನವೇ ಖಾಲಿ ಇರುವಾಗಲೇ ಪರೀಕ್ಷೆ ಮಾಡಿ. ವಿಂಡೋಸ್‌ಗೆ ಎಚ್2ಟೆಸ್ಟ್‌ಡಬ್ಲ್ಯೂ ಅಥವಾ ವ್ಯಾಲಿಡ್ರೈವ್, ಲಿನಕ್ಸ್ ಮತ್ತು ಮ್ಯಾಕ್‌ಗೆ ಎಫ್3, ಎಲ್ಲ ಉಚಿತ. ಎಚ್2ಟೆಸ್ಟ್‌ಡಬ್ಲ್ಯೂ ಇಡೀ ಡ್ರೈವನ್ನು ತುಂಬಿಸಿ ಓದುತ್ತೆ, ನಿಧಾನ. ಸೆಕೆಂಡಿಗೆ 30 ಎಂಬಿಯಲ್ಲಿ 2 ಟಿಬಿ ಬರೆಯೋಕೇ ಹದಿನೆಂಟು ಗಂಟೆ ದಾಟುತ್ತೆ. ದಾಟಲಿ. ಹಳೇ ಡಿಸ್ಕನ್ನು ಅಳಿಸಬೇಡಿ, ಒಂದು ತಿಂಗಳಾದರೂ. ಇನ್ನು ಮಾರಾಟಗಾರ "ಬೇರೆ ಕೇಬಲ್ ಹಾಕಿ ನೋಡಿ" ಅಂದನೋ, ಚಾಟ್ ಮುಚ್ಚಿ ಸೈಟಿನವರ ಫೋನ್ ನಂಬರ್ ಹುಡುಕಿ, ವಾದ ಮಾಡ್ತಾ ಕೂರಬೇಡಿ.

ನಿನ್ನೆ ಅದೇ ಫೋಟೋ, ಅದೇ ಅಲ್ಯುಮಿನಿಯಂ ಮೈ ಮತ್ತೆ ಕಣ್ಣಿಗೆ ಬಿತ್ತು. ಹೆಸರು ಬೇರೆ, 4 ಟಿಬಿ ಅಂತೆ. ವಿಮರ್ಶೆ ಓದಿದೆ, ಈ ಸಲ ಕೊನೇ ಪುಟದ ತನಕ. ಅಲ್ಲಿ ಯಾರೋ ಸೊಗಸಾಗಿ ಬರೆದಿದ್ದಾರೆ, "ಬಲ್ಬಿನ ಬೆಳಕು ಕಣ್ಣಿಗೆ ಹಿತವಾಗಿದೆ" ಅಂತ.

ಅಕ್ಕ ಬೈಯಲಿಲ್ಲ, ಬೈದಿದ್ದರೇ ವಾಸಿ ಇತ್ತು. ಮೊನ್ನೆ ಹೊಸ ಫೋನ್ ತಗೊಂಡಳಂತೆ. ನನ್ನನ್ನು ಒಂದು ಮಾತೂ ಕೇಳಲಿಲ್ಲ, ಭಾವನನ್ನು ಕೇಳಿದಳಂತೆ. ತಮ್ಮ ಮನೆಯ ವೈಫೈ ಪಾಸ್‌ವರ್ಡ್ ಏನು ಅಂತ ತಿಂಗಳಿಗೊಮ್ಮೆ ನನಗೆ ಫೋನ್ ಮಾಡಿ ಕೇಳೋ ಭಾವ.